ನಮ್ಮ ಮನೆಯವರನ್ನೆಲ್ಲ ಸಾಯಿಸಿದ ಮೈದುನ

ಆಗ ನನಗೆ ನಲವತ್ತೆರಡು ವಯಸ್ಸು. ಅದಾಗಿ ನಲವತ್ತು ವರ್ಷವಾಯಿತು. ಆ ವರ್ಷ ನನ್ನ ಮೈದುನ ನಮ್ಮ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಸಾಯಿಸಿದ. ಅತ್ತೆಯನ್ನಂತೂ ಎರಡು ಸಲ! ಪೊಲೀಸರು ಬರಲಿಲ್ಲ. ಸಾಯಿಸಿದ ಮೇಲೆ ಅವನೇ ಕಾಫಿ ಕೊಟ್ಟು ಎಬ್ಬಿಸುತ್ತಿದ್ದನಲ್ಲ, ಯಾರು ಹೋಗಿ ದೂರು ಕೊಡುತ್ತಾರೆ?

ಕೊಲೆಗಾರನಲ್ಲ ಅವನು, ಬಣ್ಣ ಬಳಿಯುವವನು. ಮೈಯೆಲ್ಲ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ವಾಸನೆ. ಪೊಳ್ಳಾಚಿ ರಸ್ತೆಯ ಗೋಡೆಗಳ ಮೇಲೆ ಪಂಪ್‌ಸೆಟ್ಟುಗಳ ಹೆಸರನ್ನು ಆಳೆತ್ತರದ ಅಕ್ಷರದಲ್ಲಿ ಬರೆಯುತ್ತಿದ್ದ. ಅಕ್ಷರದ ಪಕ್ಕ ಒಂದು ಪಂಪು, ಪಂಪಿನಿಂದ ನೀಲಿ ನೀರು. ಒಳ್ಳೆಯ ಕೆಲಸ. ಸುಮ್ಮನಿರಬಾರದೆ? ಕೊಯಮತ್ತೂರಿನಲ್ಲಿ ಮಕ್ಕಳಿಗೆ ಮಾಯಾಜಾಲದ ಕಥೆಪುಸ್ತಕ ಅಚ್ಚು ಹಾಕುವವರೊಬ್ಬರ ಹಿಂದೆ ಬಿದ್ದು, ಮೇಲಿನ ಹಾಳೆಗೆ ಚಿತ್ರ ಬರೆಯುವ ಕೆಲಸ ಹಿಡಿದುಕೊಂಡು ಬಂದ. ರೆಕ್ಕೆಯ ಕುದುರೆ ಏರಿ ಹೋದ ವೀರನೊಬ್ಬ ರಾಕ್ಷಸನನ್ನು ಕೊಂದು ತಾನೂ ಬಿದ್ದು ಸಾಯುತ್ತಾನೆ. ಆ ಸಾವನ್ನು ಬರೆಯಬೇಕು.

ಬರೆದ. ವೀರನ ಮೈತುಂಬ ಬಾಣ, ಬಾಣಕ್ಕೊಂದು ರಕ್ತದ ಕಾಲುವೆ.

"ಏನಪ್ಪಾ ಇದು, ಮೆಣಸಿನಪುಡಿ ಮೂಟೆ ಒಡ್ದಂಗೈತೆ" ಎಂದೆ. ಮುಖ ಊದಿಸಿಕೊಂಡು ಬಸ್ಸು ಹತ್ತಿದ. ಪ್ರೆಸ್ಸಿನವರು ನೋಡಿ, "ರತ್ತಮ್ ನಲ್ಲಾ ಇರುಕ್ಕು ತಂಬಿ, ಸಾವು ಎಂಗೆ?" ಎಂದರಂತೆ. ರಕ್ತವೇನೋ ಚೆನ್ನಾಗಿದೆ, ಸಾವೆಲ್ಲಿ ಎಂದು! ಎರಡನೆಯ ಚಿತ್ರದಲ್ಲಿ ಒಂದು ತೊಟ್ಟು ರಕ್ತವಿಲ್ಲ. ವೀರ ಹಬ್ಬದೂಟ ಮುಗಿಸಿ ಅಡ್ಡಾದಂತಿದ್ದ. ಅದನ್ನೂ ಹಿಂದಕ್ಕೆ ಕೊಟ್ಟು, "ಇನ್ನೊಂದೇ ಸಲ. ನೋಡಿದವರ ಕಣ್ಣಲ್ಲಿ ನೀರು ಬರಬೇಕು. ಇಲ್ಲವೋ, ನೀನು ಪಂಪು ಬರೆದುಕೊಂಡಿರು" ಎಂದುಬಿಟ್ಟರು. ಮೈದುನ ಅನ್ನ ಬಿಟ್ಟ. ಕಾಗದದ ಮೇಲಿನವನು ಸರಿಯಾಗಿ ಸಾಯಲಿಲ್ಲವೆಂದು ಮೂವತ್ತು ದಾಟಿದ ಗಂಡಸು ಅನ್ನ ಬಿಡುವುದನ್ನು ನೀವು ಕಂಡಿದ್ದೀರಾ?

ಆಮೇಲೆ ಶುರುವಾಯಿತು. ಮೊದಲು ಅತ್ತೆಯನ್ನು ನಡುಮನೆಯಲ್ಲಿ ಮಲಗಿಸಿದ. ಕೈ ಹೀಗಿಡು, ಬಾಯಿ ಸ್ವಲ್ಪ ತೆರೆ, ಉಸಿರು ಮೆಲ್ಲಗೆ ಬಿಡು. ಅತ್ತೆ ಚೆನ್ನಾಗಿಯೇ ಸತ್ತರು. ಅಷ್ಟರಲ್ಲಿ ಒಂದು ಕಣ್ಣು ತೆರೆದು, "ಏಯ್, ಒಲೆ ಮೇಲೆ ಹಾಲೈತೆ ನೋಡೇ!" ಎಂದು ನನ್ನನ್ನು ಕೂಗಿದರು.

"ಅಮ್ಮಾ! ಸತ್ತೋರು ಮಾತಾಡ್ಬಾರ್ದು!"

"ನಾನು ಸತ್ರೆ ಹಾಲು ಉಕ್ಕದ್ನ ನಿಲ್ಲಿಸ್ತದೇನೋ?"

ಅತ್ತೆಯನ್ನು ಇನ್ನೊಮ್ಮೆ, ಆಮೇಲೆ ಉಳಿದವರನ್ನೂ ಮಲಗಿಸಿ ನೋಡಿದ. ಮನೆಯವರು ಉಪಯೋಗಕ್ಕೆ ಬರಲಿಲ್ಲವೆಂದು ಊರವರನ್ನು ಹಿಡಿದ. ಸುತ್ತಲ ಹಳ್ಳಿಗಳಲ್ಲಿ ಎಲ್ಲಿ ಸಾವಾದರೂ ಸೈಕಲ್ ತುಳಿದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಹೆಣದ ಕಡೆ ನೋಡುತ್ತಿರಲಿಲ್ಲ, ಅಳುವವರ ಮುಖಗಳನ್ನೇ ನುಂಗುವಂತೆ ನೋಡುತ್ತಿದ್ದ. ಮೊದಮೊದಲು ಜನ, ಎಂಥ ಮರುಕದ ಮನುಷ್ಯ ಎಂದರು. ಬರಬರುತ್ತಾ ಅವನ ಸೈಕಲ್ ಕಂಡರೆ ಬಾಗಿಲು ಹಾಕತೊಡಗಿದರು. ಪಕ್ಕದ ಊರಿನ ಮುದುಕರೊಬ್ಬರು ಹಾಸಿಗೆ ಹಿಡಿದು ತಿಂಗಳುಗಟ್ಟಲೆ ಆಗಿತ್ತು. ಇವನು ಅಂಗಳದಲ್ಲಿ ಸೈಕಲ್ ನಿಲ್ಲಿಸಿದ್ದು ಕಂಡದ್ದೇ, ಎದ್ದು ಕೂತು ಗಂಜಿ ಕೇಳಿದರಂತೆ! ಡಾಕ್ಟರ ಕೈಯಲ್ಲಿ ಆಗದ್ದು ಇವನಿಂದ ಆಯಿತು.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ.

ಒಂದು ಮಧ್ಯಾಹ್ನ ತೋಟಕ್ಕೆ ಬುತ್ತಿ ಒಯ್ಯುವ ಆಳು ಬರಲಿಲ್ಲ, ನಾನೇ ಹೊತ್ತುಕೊಂಡು ಹೋದೆ. ಹಿಂದೆಯೇ ಪಕ್ಕದ ತೋಟದಾಕೆ ಬರುತ್ತಿದ್ದಳು. ನಮ್ಮದು ತೆಂಗಿನ ತೋಟ. ಬಾವಿಯ ಹತ್ತಿರದ ಮರದ ಕೆಳಗೆ ನಮ್ಮ ಯಜಮಾನರು ಬಿದ್ದಿದ್ದರು. ಕತ್ತು ಒಂದು ಕಡೆ ವಾಲಿತ್ತು. ಕಿವಿಯಿಂದ ಕೆನ್ನೆಗೆ ಕೆಂಪು ಇಳಿದಿತ್ತು. ತಲೆಯ ಹತ್ತಿರ ಒಂದು ತೆಂಗಿನಕಾಯಿ.

ತೆಂಗಿನ ತೋಟದವರಿಗೆ ಇದಕ್ಕಿಂತ ಹೆಚ್ಚು ಏನು ಹೇಳಬೇಕು?

ಪಕ್ಕದ ತೋಟದಾಕೆ ಎದೆ ಬಡಿದುಕೊಂಡು ಒಪ್ಪಾರಿ ಎತ್ತಿದಳು. ಒಪ್ಪಾರಿ ಎಂದರೆ ಸತ್ತವರನ್ನು ಹೊಗಳಿ ಅಳುವ ಹಾಡು. ನಾವು ಮನೆಯಲ್ಲಿ ಬೈಯುವುದು, ಮುದ್ದಾಡುವುದು ಎಲ್ಲ ಕನ್ನಡದಲ್ಲೇ. ಸತ್ತವರಿಗೆ ಅಳುವುದು ಮಾತ್ರ ತಮಿಳಿನಲ್ಲಿ. ಅವಳ ಕೊರಳು ಕೇಳಿದ್ದೇ ನಾಲ್ಕು ತೋಟದ ಹೆಂಗಸರು ತಲೆಗೂದಲು ಬಿಚ್ಚಿಕೊಂಡು ಓಡಿಬಂದು, ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ಸುತ್ತ ಕುಳಿತರು. ನಾನೇನು ಮಾಡಿದೆನೋ ನನಗೆ ನೆನಪಿಲ್ಲ. ಮೂಗಿಗೆ ಟರ್ಪೆಂಟೈನ್ ವಾಸನೆ ಹೊಡೆದದ್ದು ನೆನಪಿದೆ.

ಸತ್ತವರಿಗೆ ಯಾಕೆ ಟರ್ಪೆಂಟೈನ್ ವಾಸನೆ?

ತಲೆ ಎತ್ತಿದೆ. ಬಾವಿಕಟ್ಟೆಯ ಆಚೆ ಮೈದುನ ಕುಳಿತಿದ್ದ. ಬಾಯಿ ಬಿಡಲಿಲ್ಲ, ಪಾಪಿ! ಕೈಯಲ್ಲಿ ಪೆನ್ಸಿಲು ಓಡುತ್ತಿತ್ತು!

ನಾನು ಕೂಗಿದ ಕೂಗಿಗೆ ಯಜಮಾನರು ಎದ್ದು ಕುಳಿತರು. "ಅವ್ನು ಯಾರು ಬಂದ್ರೂ ಅಲ್ಲಾಡ್ಬೇಡ ಅಂದಿದ್ದ ಕಣೇ" ಎಂದರು. ಹೆಂಗಸರು ಒಮ್ಮೆ ಬೆಚ್ಚಿಬಿದ್ದರು, ಆದರೆ ಹಾಡು ನಿಲ್ಲಿಸಲಿಲ್ಲ. ಒಪ್ಪಾರಿಯನ್ನು ಅರ್ಧಕ್ಕೆ ಬಿಟ್ಟರೆ ಕೆಟ್ಟದ್ದಂತೆ! ಸತ್ತವನ ಮುಖ ನೋಡಿಕೊಂಡೇ ಪೂರ್ತಿ ಅತ್ತು ಮುಗಿಸಿದರು. ಇವರೋ, ಚಕ್ಕಳಬಕ್ಕಳ ಹಾಕಿಕೊಂಡು ಗಮನವಿಟ್ಟು ಕೇಳಿ, "ಊರಿಗೆಲ್ಲ ಪಟ್ಟೆಸೀರೆ ಕೊಟ್ಟ ಧರ್ಮರಾಯ ಅಂದ್ಯಲ್ಲಕ್ಕಾ, ನಾನು ಯಾವಾಗ ಕೊಟ್ಟೆ?" ಎಂದರು.

ಮೈದುನನನ್ನು ತೋಟದ ಬೇಲಿಯವರೆಗೆ ಅಟ್ಟಿಸಿಕೊಂಡು ಹೋಗಿ, ಬುತ್ತಿಯ ತಪ್ಪಲೆ ಮುಚ್ಚಳದಲ್ಲಿ ಬೆನ್ನಿಗೆ ಎರಡು ಕೊಟ್ಟೆ. ಪುಸ್ತಕ ಬರುವವರೆಗೆ ಅವನ ಹತ್ತಿರ ಮಾತು ಬಿಟ್ಟೆ.

ಪುಸ್ತಕ ಬಂತು. ಅವನು ತಂದು ಒಲೆಯ ಹತ್ತಿರ ಇಟ್ಟು ದೂರ ನಿಂತ. ಬಾಣವಿಲ್ಲ. ರೆಕ್ಕೆಯ ಕುದುರೆ ತಲೆ ತಗ್ಗಿಸಿ ಹಿಂದೆ ನಿಂತಿದೆ. ಚಿನ್ನದ ಕವಚದ ವೀರ ಬಿದ್ದಿದ್ದಾನೆ. ಪಕ್ಕದಲ್ಲಿ ಒಬ್ಬ ಹೆಂಗಸು. ಅಳುತ್ತಿಲ್ಲ. ಒಂದು ಕೈಯಲ್ಲಿ ಸೆರಗು ಹಿಡಿದು ಅವನ ಕಿವಿ ಒರೆಸುತ್ತಿದ್ದಾಳೆ, ಸಣ್ಣ ಮಗುವಿಗೆ ಒರೆಸಿದ ಹಾಗೆ. ಇನ್ನೊಂದು ಕೈಯಲ್ಲಿ ಮೊಣಕಾಲಿನ ಮೇಲೆ ಸರಿದ ಬಟ್ಟೆಯನ್ನು ಕೆಳಗೆ ಎಳೆಯುತ್ತಿದ್ದಾಳೆ, ಜನ ನೋಡುತ್ತಾರಲ್ಲ ಎಂದು.

"ಪ್ರೆಸ್ಸಿನೋರು ಕನ್ನಡಕ ಒರೆಸ್ಕೊಂಡು ಇನ್ನೊಂದ್ಸಲ ನೋಡಿದ್ರು ಅತ್ಗೆ" ಎಂದ ಮೈದುನ. "ಆಮೇಲೆ, ಈ ಹೆಂಗಸು ಯಾರು ಅಂದ್ರು."

"ನೀನೇನಂದೆ?"

"ನಮ್ಮ ಅತ್ಗೆ ಅಂದೆ. ಇನ್ಮೇಲೆ ತಿಂಗ್ಳಾ ತಿಂಗ್ಳಾ ನೀನೇ ಬರಿ ಅಂದ್ರು." ಮತ್ತೆ ತಾನೇ, "ಅವತ್ತು ನಾನು ಕೂಗಿ ಹೇಳ್ಬೇಕಿತ್ತು ಅತ್ಗೆ. ಕೈ ನಿಲ್ಲಲಿಲ್ಲ" ಎಂದ.

ಯಜಮಾನರು ಪುಸ್ತಕವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಆವತ್ತು ಅವರ ಕಣ್ಣು ಮುಚ್ಚಿತ್ತಲ್ಲ.

"ಇದು ನೀನಾ?" ಎಂದರು.

"ಇನ್ಯಾರು? ಊಟಕ್ಕೆ ಬನ್ನಿ" ಎಂದೆ.

ಮಾರನೆಯ ಬೆಳಿಗ್ಗೆ ನಾನು ಎದ್ದಾಗ ಅವರಿನ್ನೂ ಮಲಗಿದ್ದರು. ಅವರ ಮೂಗಿನ ಹತ್ತಿರ ಅಂಗೈ ಹಿಡಿದು ನೋಡಿದೆ. ಉಸಿರು ಬೆಚ್ಚಗೆ ಬರುತ್ತಿತ್ತು. ಚೆಂಬು ತೆಗೆದುಕೊಂಡು ಹಾಲು ಕರೆಯಲು ಹೋದೆ.