ಕೂಗದ ಕುಕ್ಕರ್ ಮತ್ತು ಅಪ್ಪನ ಹಲ್ಲು

ಕೆಲವರ ಮನೆಯಲ್ಲಿ ಅಡುಗೆ ಮಾಡಿದರೆ ಊಟವಾಗುತ್ತದೆ, ನಮ್ಮ ಮನೆಯಲ್ಲಿ ಪ್ರಸಂಗವಾಗುತ್ತದೆ. ಅದರಲ್ಲೂ ನಾನು ಸೌಟು ಹಿಡಿದ ದಿನ ಒಂದಲ್ಲ ಒಂದು ಆಗದೇ ಇರುವುದಿಲ್ಲ. ಯಶವಂತಪುರದ ಮಾರುಕಟ್ಟೆಯ ಒಂದು ಈರುಳ್ಳಿ ಮಂಡಿಯಲ್ಲಿ ತೂಕ ನೋಡುವವನು ನಾನು. ಮೂಟೆಯನ್ನು ಒಮ್ಮೆ ಅಲ್ಲಾಡಿಸಿದರೆ ತೂಕ ಹೇಳಬಲ್ಲೆ, ಸಾರಿಗೆ ಉಪ್ಪು ಎಷ್ಟು ಅಂತ ಕೇಳಿದರೆ ಮಾತ್ರ ಹೆಂಡತಿಯ ಮುಖ ನೋಡುತ್ತೇನೆ. ಇಂಥವನು ನೋಟು ಬದಲಾದ ಮರುವರ್ಷ ಪುಟ್ಟೇನಹಳ್ಳಿಯ ನಮ್ಮ ಮನೆಯ ತಾರಸಿ ಮೇಲೆ ಎರಡು ತಿಂಗಳು ಬಿಡದೆ, ಪ್ರತಿ ಭಾನುವಾರ ಹಂದಿ ಮಾಂಸ ಬೇಯಿಸಿದೆ. ಎಲ್ಲಕ್ಕೂ ಕಾರಣ ಅಪ್ಪನ ಹಲ್ಲು.

ಹಲ್ಲು ಹೋದದ್ದು

ಅಪ್ಪ ಮೂಳೆ ಚೀಪುವುದರಲ್ಲಿ ಊರಿಗೇ ಹೆಸರಾದವನು. ಅವನು ಬಿಟ್ಟ ಮೂಳೆಯನ್ನು ನಾಯಿ ಮೂಸಿ ನೋಡಿ ಬೇಜಾರಿನಿಂದ ಹೋಗುತ್ತಿತ್ತು. ಎಪ್ಪತ್ತಾರಕ್ಕೆ ವಸಡು ಕೆಟ್ಟಿತು. ಡಾಕ್ಟರು ಉಳಿದಿದ್ದ ಅಷ್ಟೂ ಹಲ್ಲು ಕಿತ್ತು, "ವಸಡು ಮಾಗಿದ ಮೇಲೆ ಹಲ್ಲಿನ ಸೆಟ್ಟು ಕೊಡ್ತೀವಿ, ಅಲ್ಲೀವರೆಗೂ ಮೆತ್ತಗಿರೋದು ತಿನ್ನಿ" ಅಂದರು. ಮುದ್ದೆಗೆ ತೊಂದರೆ ಇರಲಿಲ್ಲ, ಅದನ್ನು ನಾವು ಹೇಗೂ ನುಂಗುವುದೇ. ತೊಂದರೆಯಾದದ್ದು ಮಾಂಸಕ್ಕೆ.

ನಮ್ಮ ಅಣ್ಣತಮ್ಮಂದಿರ ಮನೆಗಳೆಲ್ಲ ಸೇರಿ ವರ್ಷಕ್ಕೊಂದು ಸಲ ಹಂದಿ ಮಾಂಸದ ಊಟ ಮಾಡುತ್ತೇವೆ. ಆ ವರ್ಷದ ಊಟದಲ್ಲಿ ಅಪ್ಪ ಎಲೆ ಮುಂದೆ ಕೂತು ಬರೀ ಸಾರು ಕುಡಿದ. ತನ್ನ ಪಾಲಿನ ತುಂಡುಗಳನ್ನು ಒಂದೊಂದಾಗಿ ನನ್ನ ಎಲೆಗೆ ಹಾಕಿ, "ನೀನ್ ತಿನ್ನು ಮಗಾ, ನನಗೆ ಅಲ್ಲು ಬರ್ಲಿ" ಅಂದ. ಹಕಾರ ಅಪ್ಪನ ಬಾಯಲ್ಲಿ ಹಲ್ಲಿದ್ದಾಗಲೂ ಇರಲಿಲ್ಲ, ಅದಕ್ಕೆ ಡಾಕ್ಟರನ್ನು ಬೈಯುವಂತಿಲ್ಲ. ಆದರೆ ಅವತ್ತು ನನಗೆ ಅಳು ಬಂತು, ಖಾರ ಜಾಸ್ತಿ ಅಂತ ಹೇಳಿ ಕಣ್ಣು ಒರೆಸಿಕೊಂಡೆ. ಹಲ್ಲಿಲ್ಲದೆಯೂ ಅಪ್ಪ ತಿನ್ನುವ ಹಾಗೆ ಮಾಂಸ ಮಾಡಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ.

ಮರುವಾರ ಫೋನಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಯಾರೋ ವಿದೇಶದವನು ಹಂದಿಯ ಭುಜದ ಇಡೀ ತುಂಡನ್ನು ಕರೆಂಟಿನ ಕುಕ್ಕರಿನಲ್ಲಿ ಒಂದೂವರೆ ಗಂಟೆ ಬೇಯಿಸಿ, ಎರಡು ಫೋರ್ಕು ಚುಚ್ಚಿ ಎಳೆದ. ಮಾಂಸ ಎಳೆಎಳೆಯಾಗಿ ಬಿಟ್ಟುಕೊಂಡಿತು. ಅಪ್ಪನಿಗೆ ತೋರಿಸಿದೆ. ಮೂರು ಸಲ ನೋಡಿ, "ಇದನ್ನ ವಸಡಲ್ಲೇ ತಿನ್ಬೋದು ಕಣ್ಲಾ" ಅಂದ. ನಾಲ್ಕನೇ ಸಲಕ್ಕೆ, ಆ ಮನುಷ್ಯ ಮಾಂಸದ ಮೇಲೆ ಸಕ್ಕರೆ ಸುರಿಯುವುದು ಕಣ್ಣಿಗೆ ಬಿತ್ತು. ಫೋನು ನನ್ನ ಕೈಗೆ ಕೊಟ್ಟು ಹೇಳಿದ: "ಬೇಯ್ಸೋದು ಮಾತ್ರ ಇವನತ್ರ ಕಲಿ."

ಬೇರೆ ವೈರು

ಕರೆಂಟಿನ ಕುಕ್ಕರ್ ನಮ್ಮ ಮನೆಯಲ್ಲೇ ಇತ್ತು. ಮಂಡಿಯಲ್ಲಿ ಆಯುಧಪೂಜೆಗೆ ಚೀಟಿ ಎತ್ತಿದಾಗ ನನಗೆ ಬಂದದ್ದು. ಅದು ಕೂಗುವುದಿಲ್ಲ ಅಂತ ಗೊತ್ತಾದ ದಿನವೇ ಹೆಂಡತಿ, "ಕೂಗದೇ ಇರೋ ಕುಕ್ಕರ್‌ನ ಹೇಗ್ರೀ ನಂಬೋದು" ಅಂತ ಅಟ್ಟಕ್ಕೆ ಹಾಕಿದ್ದಳು.

ಅಡ್ಡಿ ಬಂದದ್ದು ಅಮ್ಮ. ನಮ್ಮಲ್ಲಿ ಹಂದಿ ಮಾಂಸ ಒಳಗೆ ಬೇಯಿಸುವುದಿಲ್ಲ. ಗಂಡಸರೇ ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಬೇರೆ ಪಾತ್ರೆಯಲ್ಲಿ ಬೇಯಿಸಿ, ಹೊರಗೇ ತಿಂದು, ಕೈಕಾಲು ತೊಳೆದುಕೊಂಡು ಒಳಗೆ ಬರಬೇಕು. ಹಿತ್ತಲಿದ್ದ ಕಡೆ ಈಗ ನಾವೇ ಕಟ್ಟಿಸಿದ ಬಾಡಿಗೆ ಮನೆಗಳಿವೆ. ಉಳಿದದ್ದು ತಾರಸಿ ಒಂದೇ.

"ಬೆಂಕಿ ಇಲ್ಲ, ಹೊಗೆ ಇಲ್ಲ ಕಣಮ್ಮ. ಬರೀ ಕರೆಂಟು," ಅಂದೆ.

"ಆ ಕರೆಂಟ್ ಎಲ್ಲಿಂದ ಬರುತ್ತೆ?"

"ಕಂಬದಿಂದ."

"ಕಂಬದಿಂದ ನಮ್ಮನೆ ಒಳಗೆ ಬಂದು ತಾನೇ ಮೇಲಕ್ಕೆ ಹೋಗೋದು? ದೇವ್ರ ಮನೆ ಬಲ್ಬಿಗೂ ಅದೇ ವೈರು."

ಕೊನೆಗೆ ಮೀಟರಿನ ಹತ್ತಿರದಿಂದಲೇ, ಹೊರಗೋಡೆ ಮೇಲೆ, ತಾರಸಿಗೆ ಬೇರೆ ವೈರು ಎಳೆಸುವುದು ಅಂತ ರಾಜಿಯಾಯಿತು. ಎಲೆಕ್ಟ್ರಿಷಿಯನ್ ಬಂದು ಗೋಡೆಗೆ ಪೈಪು ಹೊಡೆಯುತ್ತಾ ಕೇಳಿದ, "ಈ ಲೈನು ಯಾವುದಕ್ಕೆ ಸಾರ್?"

"ಹಂದಿಗೆ."

ಸುತ್ತಿಗೆ ಕೆಳಗಿಟ್ಟು ನನ್ನನ್ನೇ ನೋಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ: "ಶಾಕ್ ಕೊಟ್ಟು ಹಿಡಿಯೋದು ಈಗ ಬಿಡಲ್ಲ ಸಾರ್. ಕೇಸ್ ಆಗುತ್ತೆ."

ಇಡೀ ತುಂಡು

ಮಾಂಸಕ್ಕೆ ಹೆಬ್ಬಾಳದ ಕಡೆಯ ಒಂದು ಅಂಗಡಿಗೆ ಹೋದೆ. ನಮ್ಮ ಕಡೆ ಹಂದಿ ಮಾಂಸ ಅಂದರೆ ಸಾರಿಗೆ, ಸಾರು ಅಂದರೆ ಸಣ್ಣ ತುಂಡು. ನೀವು ಬಾಯಿ ಬಿಡುವ ಮೊದಲೇ ಕತ್ತಿ ಮೇಲೆದ್ದಿರುತ್ತದೆ.

"ಭುಜದ ಭಾಗ ಎರಡೂವರೆ ಕೆಜಿ. ಕಟ್ ಮಾಡ್ಬೇಡಿ, ಇಡಿಯಾಗಿ ಕೊಡಿ," ಅಂದೆ.

"ಇಡಿಯಾಗಾ? ನಾಯಿಗಾ ಸಾರ್?"

"ನಮ್ಮಪ್ಪನಿಗೆ."

ಹಿಂದೆ ಸಾಲಿನಲ್ಲಿ ನಿಂತಿದ್ದವರು ಕತ್ತು ಚಾಚಿ ನನ್ನನ್ನು ನೋಡಿದರು. ಅಂಗಡಿಯವನು ಕೇಳಿದ, "ವಯಸ್ಸೆಷ್ಟು ಸಾರ್ ಅವ್ರಿಗೆ?"

"ಎಪ್ಪತ್ತಾರು."

"ಹಲ್ಲೆಲ್ಲ ಗಟ್ಟಿ ಇದಾವಾ?"

"ಒಂದೂ ಇಲ್ಲ."

ನನ್ನ ಮೇಲೆ ಅವನಿಗಿದ್ದ ಅಲ್ಪಸ್ವಲ್ಪ ಗೌರವವೂ ಹೋಯಿತು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಇಡೀ ಭುಜವನ್ನು ಗೋಡಂಬಿ ಗಾತ್ರಕ್ಕೆ ಕೊಚ್ಚಿ, ಕವರಿಗೆ ಹಾಕಿ ನನ್ನ ಕೈಗಿಟ್ಟ. "ಪಾಪ, ವಯಸ್ಸಾದವರು ಸಾರ್. ನಮ್ಮ ಕೈಲಿ ಇಷ್ಟಾದ್ರೂ ಆಗ್ಲಿ."

ಮೂರು ಕೂಗು

ಕೊಚ್ಚಿದ್ದು ಚಿಕ್ಕಪ್ಪನ ಮನೆಗೆ ಹೋಯಿತು. ಮುಂದಿನ ಭಾನುವಾರ ಬೇರೆ ಅಂಗಡಿಗೆ ಹೋಗಿ, ಅಪ್ಪನ ಹೆಸರೆತ್ತದೆ, ಇಡೀ ತುಂಡು ತಂದೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ರುಬ್ಬಿದ್ದನ್ನು ಮೆತ್ತಿ, ತಳಕ್ಕೆ ಈರುಳ್ಳಿ ಹಾಸಿ, ಮುಚ್ಚಳ ಹಾಕಿ ಸ್ವಿಚ್ ಒತ್ತಿದೆ. ಅಪ್ಪ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕಾವಲಿಗೆ ಕೂತ. ಕೈಯಲ್ಲಿ ಒಂದಷ್ಟು ಹುಣಸೆ ಬೀಜ.

"ಬೀಜ ಯಾಕಪ್ಪ?"

"ಕೂಗು ಎಣಿಸಾಕೆ."

"ಇದು ಕೂಗಲ್ಲ. ಒಂದೂವರೆ ಗಂಟೆ ಮುಟ್ಟಬೇಡ" ಅಂತ ಹೇಳಿ ಸ್ನಾನಕ್ಕೆ ಇಳಿದೆ. ಅರ್ಧ ಗಂಟೆಗೆ ವಾಪಸು ಬಂದರೆ ಸ್ವಿಚ್ ಆರಿದೆ. ಅಪ್ಪ ಪೈರು ಕೊಯ್ದು ಮುಗಿಸಿದವನ ಹಾಗೆ ಕೂತಿದ್ದಾನೆ. ಮೋಟುಗೋಡೆ ಮೇಲೆ ಮೂರು ಹುಣಸೆ ಬೀಜ ಸಾಲಾಗಿವೆ.

"ಮೂರ್ ಕೂಗ್ತು. ಆರ್ಸ್ದೆ."

"ಇದು ಕೂಗೋದೇ ಇಲ್ಲ ಅಂದ್ನಲ್ಲಪ್ಪ."

"ನನ್ ಕಿವಿಗೆ ಕೇಳ್ತು ಕಣ್ಲಾ. ಯಲಹಂಕದ ರೈಲು ಕೂಗಿದ್ದನ್ನ ಸೇರಿಸ್ಕೊಂಡಿಲ್ಲ, ನಾನೇನ್ ಅಷ್ಟು ದಡ್ಡನಾ?"

ಆವಿ ಬಿಟ್ಟು ಮುಚ್ಚಳ ತೆಗೆದು ಕೊಯ್ದು ನೋಡಿದರೆ ಒಳಗೆ ಮಾಂಸ ಬೆಳಿಗ್ಗೆ ಅಂಗಡಿಯಲ್ಲಿದ್ದ ಬಣ್ಣದಲ್ಲೇ ಇತ್ತು. ಮತ್ತೆ ಸ್ವಿಚ್ ಹಾಕಿದೆ. ಅದೇ ಹೊತ್ತಿಗೆ ಇಡೀ ಬೀದಿಗೆ ಕರೆಂಟ್ ಹೋಯಿತು. ನಾನೂ ಅಪ್ಪನ ಪಕ್ಕ ಕೂತೆ. ಕೆಳಗಿನ ಬಾಡಿಗೆ ಮನೆಯಿಂದ ಒಗ್ಗರಣೆ ಚಟಪಟ ಅಂದ ಸದ್ದು, ಹಿಂದೆಯೇ ಇಂಗಿನ ವಾಸನೆ ಮೇಲೆ ಬಂತು. ಅಪ್ಪ ಮೂಗೆತ್ತಿ ಎಳೆದುಕೊಂಡು ಹೇಳಿದ: "ಅವರ ಬೇಳೆ ಚೆನ್ನಾಗ್ ಬೆಂದೈತೆ ನೋಡು."

ಹಲಸಿನಕಾಯಿ

ಮುಂದಿನ ಭಾನುವಾರ ಕರೆಂಟ್ ಹೋಗಲಿಲ್ಲ, ನಾನೂ ಕೆಳಗಿಳಿಯಲಿಲ್ಲ. ಪೂರ್ತಿ ಒಂದೂವರೆ ಗಂಟೆ ಬೆಂದ ಮಾಂಸ ಮೂಳೆಯಿಂದ ತಾನಾಗಿಯೇ ಜಾರಿತು. ನಮ್ಮ ಮದುವೆಗೆ ಉಡುಗೊರೆ ಬಂದಿದ್ದ, ಅಲ್ಲಿಂದ ಇಲ್ಲಿಯವರೆಗೆ ಯಾರೂ ಮುಟ್ಟದ ಎರಡು ಫೋರ್ಕು ಹಿಡಿದು ಅಪ್ಪ ಆ ಕಡೆ, ನಾನು ಈ ಕಡೆ ಕೂತು ಎಳೆಎಳೆಯಾಗಿ ಬಿಡಿಸತೊಡಗಿದೆವು.

ಪಕ್ಕದ ಮನೆಯ ತಾರಸಿಯಲ್ಲಿ ಹಪ್ಪಳ ಒಣಗಿಸುತ್ತಿದ್ದ ಆಂಟಿ ಮೋಟುಗೋಡೆ ಹತ್ತಿರ ಬಂದರು. ಅವರ ಮನೆಯಲ್ಲಿ ಮೊಟ್ಟೆಯೂ ತಿನ್ನುವುದಿಲ್ಲ. "ಏನ್ರೀ ಅದು, ಅಪ್ಪ ಮಗ ಇಬ್ರೂ ಕೂತು ಬಿಡಿಸ್ತಾ ಇದ್ದೀರಾ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ, ಕಣ್ಣು ಕೂಡ ಮಿಟುಕಿಸದೆ, "ಅಲಸಿನ್ಕಾಯಿ ಕಣವ್ವ" ಅಂದ.

"ಹೌದಾ, ನಮ್ಮನೆಯವ್ರಿಗೆ ಪ್ರಾಣ. ಪಲ್ಯ ಆದ್ಮೇಲೆ ಒಂದ್ ಬಟ್ಟಲು ಕೊಡಿ."

ಕೊಟ್ಟರೆ ಪಾಪ, ಕೊಡದಿದ್ದರೆ ನಿಷ್ಠುರ. ನಿನ್ನೆಯದು ಖಾಲಿಯಾಯಿತು, ನಿಮಗೋಸ್ಕರ ಹೊಸದಾಗಿ ಮಾಡಿದೆವು ಅಂತ ಹೇಳಲು ಸೋಮವಾರ ಯಶವಂತಪುರದಿಂದ ಒಂದು ಎಳೆ ಹಲಸಿನಕಾಯಿಯನ್ನು ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದೆ. ಹೆಂಡತಿ ಕೈಗೆ ಎಣ್ಣೆ ಹಚ್ಚಿಕೊಂಡು, ಒಂದೊಂದು ಹೋಳಿಗೂ ನನಗೊಂದು ಬೈಗುಳ ಸೇರಿಸುತ್ತಾ ಹೆಚ್ಚಿ, ಪಲ್ಯ ಮಾಡಿ ಕೊಟ್ಟಳು.

ಮಾರನೇ ದಿನ ಆಂಟಿ ಬಟ್ಟಲು ವಾಪಸು ತಂದರು. "ಚೆನ್ನಾಗಿತ್ತು ರೀ. ಆದ್ರೆ ಭಾನುವಾರ ಬಂದ ಘಮ ಇದಕ್ಕೆ ಬರಲಿಲ್ಲ. ಮಸಾಲೆ ಏನಾದ್ರೂ ಮರೆತ್ರಾ?"

ಸೆಟ್ಟು

ಆ ಭಾನುವಾರ ಅಪ್ಪ ತಿಂದ ಅನ್ನುವುದೇ ನನಗೆ ದೊಡ್ಡದು. ಮುದ್ದೆ ಜೊತೆ ಒಂದೊಂದೇ ಎಳೆ ಬಾಯಿಗಿಟ್ಟು, ಕಣ್ಣು ಮುಚ್ಚಿ, ವಸಡಲ್ಲೇ ನುರಿಸಿ ನುಂಗಿದ. ನನಗೆ ಹೊಟ್ಟೆ ತುಂಬಿತು. ತಟ್ಟೆ ಖಾಲಿಯಾದ ಮೇಲೆ ಮಾತ್ರ ಅಪ್ಪ, "ಒಸಿ ಗಟ್ಟಿ ಆಯ್ತು. ಮುಂದ್ಲ್ ವಾರ ಇನ್ನೊಂದ್ ಕಿತ ನೋಡು" ಅಂದ.

ಮುಂದಿನ ವಾರ ಹತ್ತು ನಿಮಿಷ ಜಾಸ್ತಿ ಬೇಯಿಸಿದೆ. "ಪರ್ವಾಗಿಲ್ಲ. ಆದ್ರೂ ಒಸಿ ಗಟ್ಟಿ." ಅದರ ಮುಂದಿನ ವಾರ ಇನ್ನೂ ಹತ್ತು. ಆಗಲೂ ಒಸಿ ಗಟ್ಟಿ. ನಡುವೆ ಹಲ್ಲಿನ ಡಾಕ್ಟರ ಹತ್ತಿರ ಅಮ್ಮನ ಜೊತೆ ಹೋಗಿ ಬಂದವನು, "ಸೆಟ್ಟು ಸರಿಯಾಗಿ ಕೂರ್ತಿಲ್ಲ, ಉಜ್ಜಿ ಕೊಡ್ತಾರಂತೆ" ಅಂದ. ಏಳನೇ ಭಾನುವಾರದ ಹೊತ್ತಿಗೆ ನನ್ನ ಮಾಂಸವನ್ನು ಫೋರ್ಕಿನಲ್ಲಿ ಎಳೆಯುವಂತಿರಲಿಲ್ಲ, ಸೌಟಿನಲ್ಲಿ ಬಡಿಸಬೇಕಿತ್ತು. ಆಗಲೂ ಅಪ್ಪ ತಟ್ಟೆ ನೆಕ್ಕಿ, ಒಸಿ ಗಟ್ಟಿ ಅಂತ ತಲೆ ಆಡಿಸಿದ. ಮಂಡಿಯಲ್ಲಿ ಮೂಟೆ ತೂಗುವಾಗಲೂ ಅದೇ ಯೋಚನೆ. ಇದಕ್ಕಿಂತ ಮೆತ್ತಗೆ ಮಾಡುವುದು ಹೇಗೆ, ಹೆತ್ತಪ್ಪನಿಗೆ ಒಂದು ತುತ್ತು ಸರಿಯಾಗಿ ಹಾಕಲು ಆಗಲಿಲ್ಲವಲ್ಲ ಅಂತ ನಿಜವಾಗಿಯೂ ಬೇಸರವಾಗಿತ್ತು.

ಎಂಟನೇ ಭಾನುವಾರ ಊಟ ಮುಗಿಸಿ ನಲ್ಲಿ ಹತ್ತಿರ ಕುಕ್ಕರ್ ತೊಳೆಯುತ್ತಿದ್ದೆ. ನಾಯಿಗೆಂದು ತೆಗೆದಿಟ್ಟಿದ್ದ ಮೂಳೆ ಕಾಣಲಿಲ್ಲ. ನೀರಿನ ಟ್ಯಾಂಕಿನ ಹಿಂದಿನಿಂದ ಕಟಕ್ ಅಂತ ಸದ್ದು ಬಂತು. ಬೆಕ್ಕಿರಬೇಕು ಅಂತ ಹೋಗಿ ನೋಡಿದರೆ ಅಪ್ಪ. ನೆರಳಲ್ಲಿ ಕುಕ್ಕುರುಗಾಲಲ್ಲಿ ಕೂತು, ಬೆಳ್ಳಗೆ ಹೊಳೆಯುವ ಎರಡು ಸಾಲು ಹಲ್ಲಿನ ನಡುವೆ ಆ ಮೂಳೆ ಹಿಡಿದಿದ್ದಾನೆ.

"ಇದು ಯಾವಾಗ ಬಂತಪ್ಪ?"

"ತಿಂಗ್ಳಾಯ್ತು."

"ಸರಿಯಾಗಿ ಕೂರ್ತಿಲ್ಲ ಅಂದಿದ್ದೆ?"

"ಚೆನ್ನಾಗೇ ಕೂತೈತೆ."

"ಮತ್ತೆ ಯಾಕಪ್ಪ ಹೇಳಲಿಲ್ಲ?"

ಅಪ್ಪ ಮೂಳೆಯನ್ನು ಪಕ್ಕಕ್ಕಿಟ್ಟ. "ಏಳಿದ್ರೆ ನೀನ್ ಬೇಯ್ಸೋದ್ ನಿಲ್ಲಿಸ್ತಿದ್ದೆ. ಅಲ್ಲು ಇದ್ದಾಗ ವರ್ಸಕ್ಕೊಂದ್ ಕಿತ ತಿಂದೋನು ಕಣ್ಲಾ ನಾನು. ಅಲ್ಲು ಓದ್ಮೇಲೆ ವಾರವಾರ ತಿಂತಾವ್ನಿ."

ದೂರು ಕೊಡಲು ಕೆಳಗಿಳಿದೆ, ಅಪ್ಪನೂ ಹಿಂದೆಯೇ ಬಂದ. ಅಮ್ಮ, ಹೆಂಡತಿ ಇಬ್ಬರೂ ಆಗ ತಾನೇ ಹೊರಗಿನಿಂದ ಬಂದು ಚಪ್ಪಲಿ ಬಿಡುತ್ತಿದ್ದರು. ಮಸಾಲೆ ದೋಸೆಯ ವಾಸನೆ ಬಂತು.

"ಅಮ್ಮ, ಅಪ್ಪನಿಗೆ ಹಲ್ಲು ಬಂದು ತಿಂಗಳಾಗಿದೆಯಂತೆ."

"ಗೊತ್ತು. ದಿನಾ ಡಬ್ಬಿ ತೊಳೆದಿಡೋಳು ನಾನೇ ತಾನೆ?" ಅಂದಳು ಅಮ್ಮ.

ಹೆಂಡತಿಯ ಕಡೆ ತಿರುಗಿದೆ. ಅವಳು ಚಪ್ಪಲಿ ನೋಡುತ್ತಾ ಹೇಳಿದಳು, "ಭಾನುವಾರ ನೀವಿಬ್ರೂ ಮೇಲಿದ್ರೆ ನಮಗೂ ಒಲೆಯಿಂದ ರಜಾ ರೀ. ಎಂಟು ವಾರದಿಂದ ಹೋಟೆಲಿಗೆ ಹೋಗ್ತಿದ್ದೀವಿ."

ಇಡೀ ಮನೆಯಲ್ಲಿ ವಿಷಯ ಗೊತ್ತಿಲ್ಲದವನು ಬೇಯಿಸುವವನೊಬ್ಬನೇ. ನನಗೆ ಸಿಟ್ಟು ಬಂತು. "ಸರಿ, ಹಲ್ಲು ಬಂತಲ್ಲ. ಇವತ್ತೇ ಕುಕ್ಕರ್ ಅಟ್ಟಕ್ಕೆ ಹೋಗುತ್ತೆ," ಅಂದೆ.

ಅಪ್ಪ ಬಾಯಿಗೆ ಕೈ ಹಾಕಿ, ಮೇಲಿನದೊಂದು ಕೆಳಗಿನದೊಂದು, ಸೆಟ್ಟು ಕಳಚಿ ಅಮ್ಮನ ಕೈಗಿಟ್ಟ. ಬೊಚ್ಚುಬಾಯಲ್ಲಿ ಹೇಳಿದ: "ತಗೊ, ಎತ್ತಿಡು. ಮುಂದ್ಲ್ ಭಾನ್ವಾರ ಇವನು ಬೇಯ್ಸೋಗಂಟ ನಾನ್ ಕೇಳಿದ್ರೂ ಕೊಡ್ಬ್ಯಾಡ."

ಈಗಷ್ಟೇ ಹಂದಿ ಮೂಳೆ ಕಡಿದಿದ್ದ ಆ ಹಲ್ಲನ್ನು, ಹಂದಿಗೂ ದೇವರಿಗೂ ಒಂದೇ ವೈರು ಆಗದು ಅಂದಿದ್ದ ನಮ್ಮಮ್ಮ, ತೊಳೆಯಲೂ ಇಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ನೆಟ್ಟಗೆ ಅಡುಗೆಮನೆಗೆ ಹೋದಳು.