ಮುಂದೆ ಬೋರ್ಡು, ಹಿಂದೆ ಬಾಗಿಲು

ಹೋಟೆಲು ನಡೆಸುವವರ ಹತ್ತಿರ ಗಿರಾಕಿಗಳ ಕಥೆ ಇರುತ್ತದೆ, ಮೇಷ್ಟರ ಹತ್ತಿರ ಹುಡುಗರ ಕಥೆ ಇರುತ್ತದೆ. ನಾನು ಚಾಮರಾಜಪೇಟೆಯಲ್ಲಿ ಕುಟುಂಬ ಯೋಜನೆಯ ಕೇಂದ್ರ ನಡೆಸುತ್ತೇನೆ. ನನ್ನ ಹತ್ತಿರ ಇರುವ ಕಥೆಗಳನ್ನು ಮದುವೆಮನೆಯಲ್ಲಿ ಹೇಳುವ ಹಾಗಿಲ್ಲ. ಆದರೆ ಮದುವೆಮನೆಯಲ್ಲೇ ಹೆಂಗಸರು ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ, "ಹೇಳ್ರೀ, ಹೊಸದಾಗಿ ಏನಾದ್ರೂ ಆಯ್ತಾ?" ಅಂತ ಕೇಳುತ್ತಾರೆ. ಆಗುತ್ತಲೇ ಇರುತ್ತದೆ.

ನನ್ನ ವಿಷಯ ಎರಡು ಮಾತು ಹೇಳಿಬಿಡುತ್ತೇನೆ. ನಮ್ಮಮ್ಮ ತರಗುಪೇಟೆಯ ಮಂಡಿಗಳಲ್ಲಿ ಕಾಳು ಆರಿಸುತ್ತಿದ್ದಳು. ಮಕ್ಕಳೆಷ್ಟು ಅಂತ ಯಾರಾದರೂ ಕೇಳಿದರೆ ಬೆರಳು ಮಡಚಿ ಎಣಿಸಿಕೊಂಡು ಹೇಳುತ್ತಿದ್ದಳು. ನಾನು ಅಕ್ಷರ ಕಲಿತದ್ದು ಮಂಡಿಯ ಗೋಣಿಚೀಲಗಳ ಮೇಲೆ, ಓದು ಕಲಿತದ್ದು ಪೊಟ್ಟಣ ಕಟ್ಟಿದ ಕಾಗದಗಳಲ್ಲಿ. ಆಮೇಲೆ ರವಿಕೆ ಹೊಲಿದೆ, ಹೊಲಿಯುವವರನ್ನು ಇಟ್ಟುಕೊಂಡೆ, ಮನೆ ಕೊಂಡೆ. ಆ ಮನೆಯ ಕೆಳಗಿನ ಭಾಗದಲ್ಲಿ ಈ ಕೇಂದ್ರ. ಜಾಗ ನನ್ನದು. ಸಿಸ್ಟರ್ ಸಂಬಳ, ಡಾಕ್ಟರಮ್ಮ ಬಂದುಹೋಗುವ ಖರ್ಚು, ಮಾತ್ರೆ, ಇಂಜೆಕ್ಷನ್, ಕಾಪರ್ ಟಿ ಎಲ್ಲ ಸರ್ಕಾರದ ಅನುದಾನದಿಂದ. ವರ್ಷ ವರ್ಷ ಅನುದಾನ ಮುಂದುವರಿಯಬೇಕು. ಮುಂದುವರಿಯಲಿಲ್ಲ ಅಂದರೆ ಬಾಗಿಲು ಹಾಕಬೇಕು.

ಆ ದಿನಕ್ಕೇ ಕಾಯುತ್ತಿರುವವನು ನನ್ನ ತಮ್ಮ. "ಅಕ್ಕ, ಕೆಳಗಡೆ ದರ್ಶಿನಿಗೆ ಬಾಡಿಗೆ ಕೊಟ್ಬಿಡು" ಅನ್ನುತ್ತಾನೆ.

"ಇಡ್ಲಿ ತಿನ್ನೋಕೆ ಬೇಕಾದಷ್ಟು ಜಾಗ ಇದೆ ಕಣೋ. ಇದಕ್ಕೆ ಇಲ್ಲ."

"ನಿಂದು ಬರೀ ಹಠ."

ಹೌದು, ಹಠವೇ. ಅದಿಲ್ಲದಿದ್ದರೆ ನಾನು ಇವತ್ತಿಗೂ ಕಾಳು ಆರಿಸುತ್ತಾ ಕೂತಿರುತ್ತಿದ್ದೆ.

೧. ಮೂರನೇ ಮಗು

ಅನುದಾನದ ಜೊತೆ ಒಂದು ಸುತ್ತೋಲೆಯೂ ಬಂತು. ಕಟ್ಟಡದ ಮುಂಭಾಗದಲ್ಲಿ, ಓಡಾಡುವವರ ಕಣ್ಣಿಗೆ ಬೀಳುವ ಹಾಗೆ, ದೊಡ್ಡ ಅಕ್ಷರಗಳಲ್ಲಿ ಬೋರ್ಡು ಇರಬೇಕು. ಬರೆಸಿದೆ. ಹಳದಿ ಬೋರ್ಡು, ಕೆಂಪು ಅಕ್ಷರ, ಪಕ್ಕದಲ್ಲಿ ನಗುತ್ತಿರುವ ಗಂಡ, ಹೆಂಡತಿ, ಎರಡು ಮಕ್ಕಳು. ನೋಡಿದರೆ ಮಕ್ಕಳು ಮೂರು.

"ಏನಪ್ಪಾ ಇದು? ಎರಡು ಅಂತ ಹೇಳಿದ್ನಲ್ಲ?"

ಬೋರ್ಡು ಬರೆಯುವವನು ಕುಂಚ ಒರೆಸಿಕೊಳ್ಳುತ್ತಾ, "ಒಂದ್ ಕಡೆ ಜಾಗ ಖಾಲಿ ಉಳೀತು ಮೇಡಂ. ಚೆನ್ನಾಗ್ ಕಾಣಲ್ಲ ಅಂತ ಇನ್ನೊಂದು ಹಾಕ್ದೆ" ಅಂದ.

"ಎಲ್ಲರ ಮನೇಲೂ ಹೀಗೇ ಆಗೋದು. ಅಳಿಸು."

ಮೇಲೆ ಹಳದಿ ಬಳಿದು ಅಳಿಸಿದ. ಬಿಸಿಲಿಗೆ ಆ ಹಳದಿ ಪೇಲವವಾದಾಗಲೆಲ್ಲ ಮೂರನೇ ಮಗು ಮತ್ತೆ ಇಣುಕುತ್ತದೆ.

ಬೋರ್ಡು ಏರಿದ್ದೇ ತಡ, ಮೊದಲು ಬರುತ್ತಿದ್ದವರೂ ಬರುವುದು ನಿಲ್ಲಿಸಿದರು. ಬಂದವರು ಎದುರು ಮನೆ ಅಜ್ಜಿ ಒಬ್ಬರೇ. ಅವರ ಮೊಮ್ಮಗನನ್ನು ನೋಡಲು ಹೆಣ್ಣಿನ ಕಡೆಯವರು ಬರುವವರಿದ್ದರು.

"ಜಗಲಿ ಮೇಲೆ ಕೂತ್ರೆ ಇದೇ ಕಣ್ಣಿಗೆ ಹೊಡೆಯತ್ತಲ್ಲೇ! ಮದುವೆಗೆ ಮುಂಚೇನೇ ಸಾಕು ಅಂತ ಬೋರ್ಡು! ತೆಗೆಸಮ್ಮ."

"ಸರ್ಕಾರದ್ದು ಅಜ್ಜಿ. ತೆಗೆಯೋ ಹಾಗಿಲ್ಲ."

"ತೆಗೀಬೇಡ ಬಿಡು. ನಾನು ಅಡ್ಡ ಸೀರೆ ಒಣಗಿ ಹಾಕ್ತೀನಿ."

ಹಾಕಿಯೇ ಬಿಟ್ಟರು, ಒಂಬತ್ತು ಗಜದ್ದು. ಹೆಣ್ಣಿನ ಕಡೆಯವರು ಬಂದು ಕೂತು, ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಹೊತ್ತಿಗೆ ಗಾಳಿ ಬೀಸಿ ಸೀರೆ ಬೀದಿಗೆ ಬಿತ್ತು. ಹುಡುಗಿಯ ತಂದೆ ಬೋರ್ಡನ್ನು ಮೊದಲಿಂದ ಕೊನೆವರೆಗೆ ಓದಿ, "ಪರವಾಗಿಲ್ವೇ, ಡಾಕ್ಟ್ರು ಎದುರಿಗೇ ಸಿಗ್ತಾರೆ" ಅಂದರಂತೆ. ಮದುವೆ ಗೊತ್ತಾಯಿತು.

ಮಾರನೇ ದಿನ ಅಜ್ಜಿ ಲಾಡು ಹಿಡಿದುಕೊಂಡು ಬಂದು ಬೋರ್ಡಿನ ಕೆಳಗೆ ನಿಂತರು. "ಅಲ್ವೇ, ಆ ಮೂರನೇದನ್ನ ಯಾಕೆ ಅಳಿಸಿದೆ? ಮೂರರಲ್ಲೂ ಅದೇ ಲಕ್ಷಣವಾಗಿತ್ತು."

೨. ಹೂವಿಗೆ ಹೋದವಳು

ಯಾರೂ ಬರದಿದ್ದರೆ ಅನುದಾನ ಯಾಕೆ ಕೊಡುತ್ತಾರೆ? ಸುತ್ತೋಲೆಯನ್ನು ಮತ್ತೆ ಓದಿದೆ. ಬೋರ್ಡು ಮುಂದಿರಬೇಕು ಅಂತಿತ್ತು. ಬರುವವರೂ ಮುಂದಿನಿಂದಲೇ ಬರಬೇಕು ಅಂತ ಎಲ್ಲೂ ಇರಲಿಲ್ಲ.

ನಮ್ಮ ಕಡೆಯ ಹಳೇ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ ಅಂತ ಒಂದು ಸಣ್ಣ ಓಣಿ ಇರುತ್ತದೆ. ಹಿಂದೆ ಕೊಳೆ ಸಾಗಿಸಲು ಬಿಟ್ಟ ದಾರಿ. ಈಗ ಅಲ್ಲಿ ಬೆಕ್ಕುಗಳು ಮತ್ತು ಕೆಟ್ಟು ನಿಂತ ಸ್ಕೂಟರ್‌ಗಳು. ಅದನ್ನು ಗುಡಿಸಿ, ಒಂದು ಬಲ್ಬು ಹಾಕಿಸಿ, ನಮ್ಮ ಹಿತ್ತಿಲ ಬಾಗಿಲು ತೆಗೆದಿಟ್ಟೆ. ಹಿಂದಿನ ಕೋಣೆ ತುಂಬಿತು.

ಒಂದು ದಿನ ಶಂಕರಪುರಂನಿಂದ ಬಂದ ಹೊಸ ಮದುವಣಗಿತ್ತಿಯೊಬ್ಬಳು ಅಲ್ಲಿ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಂದು ಪಕ್ಕದಲ್ಲಿ ಕೂತು, ಉಸ್ಸಪ್ಪಾ ಅಂತ ಸೆರಗು ತೆಗೆದರು. ಆ ಹುಡುಗಿಯ ಅತ್ತೆ!

"ನೀನು ಹೂವು ತರೋಕೆ ಗಾಂಧಿ ಬಜಾರಿಗೆ ಹೋಗ್ತೀನಿ ಅಂದಿದ್ದೆ?"

"ನೀವು ಹಲ್ಲಿನ ಡಾಕ್ಟ್ರ ಹತ್ರ ಅಂದಿದ್ರಿ, ಅತ್ತೆ."

ಇಬ್ಬರೂ ಗೋಡೆ ನೋಡುತ್ತಾ ಕೂತರು. ಆಗ ಕೆಲಸಕ್ಕೆ ಹೊಸಬಳಾಗಿದ್ದ ನಮ್ಮ ಸಿಸ್ಟರ್ ಒಳಗಿನಿಂದಲೇ ಕೂಗಿದಳು: "ಮುಟ್ಟು ನಿಂತಿದೆ, ಭಯ ಆಗ್ತಿದೆ ಅಂತ ಫೋನ್ ಮಾಡಿದ್ದು ಯಾರಮ್ಮ?"

ಅತ್ತೆಯ ಮುಖ ಅರಳಿತು. ಸೊಸೆಯ ಕೈ ಹಿಡಿದು, "ನೀನೇನೇ?" ಅಂದರು. ಅಷ್ಟರಲ್ಲಿ ಫೋನ್ ಮಾಡಿದ್ದು ತಾವೇ ಅನ್ನುವುದು ಅವರಿಗೆ ನೆನಪಾಯಿತು. ಸೆರಗು ಮತ್ತೆ ಮುಖಕ್ಕೆ ಏರಿತು.

ಡಾಕ್ಟರಮ್ಮ ಪರೀಕ್ಷೆ ಮಾಡಿ, "ಭಯ ಪಡೋದೇನಿಲ್ಲ, ಮುಟ್ಟು ನಿಲ್ಲೋ ವಯಸ್ಸು ಅಷ್ಟೆ" ಅಂದ ಮೇಲೆ ಅವರ ಹೋದ ಜೀವ ಬಂತು. ಸೊಸೆಯೂ ಮಾತ್ರೆ ತೆಗೆದುಕೊಂಡಳು. "ವಿಶೇಷ ಏನಾದ್ರೂ ಇದೆಯಾ?" ಅಂತ ಸೊಸೆಯನ್ನು ಸದಾ ಕಾಡುತ್ತಿದ್ದವರು ಆವತ್ತಿನಿಂದ ಆ ಪ್ರಶ್ನೆ ಬಿಟ್ಟರು. ಹೊರಡುವಾಗ ಹಿತ್ತಿಲಲ್ಲಿ ಇಬ್ಬರೂ ಪಿಸುಪಿಸು ಮಾತಾಡಿಕೊಂಡರು.

"ಮನೇಲಿ ಏನ್ ಹೇಳೋದು ಅತ್ತೆ?"

"ಭಜನೆಗೆ ಹೋಗಿದ್ವಿ ಅಂತ ಹೇಳು. ನಿಮ್ಮ ಮಾವ ಎಲ್ಲದಕ್ಕೂ ನೂರೆಂಟು ಪ್ರಶ್ನೆ ಕೇಳ್ತಾರೆ, ಭಜನೆ ಅಂದ್ರೆ ಮಾತ್ರ ಬಾಯಿ ಬಿಡಲ್ಲ. ಎಲ್ಲಿ ನೀವೂ ಬನ್ನಿ ಅಂತೀನೋ ಅಂತ ಭಯ."

ಈ ಉಪಾಯ ಗಲ್ಲಿಯಲ್ಲೆಲ್ಲ ಹರಡಿತು. ನನಗೆ ಗೊತ್ತಿಲ್ಲದೆ ನಾನು ಒಂದು ಭಜನಾ ಮಂಡಳಿಯ ಒಡತಿಯಾದೆ.

೩. ಹೋಳಿಗೆ ಪಥ್ಯ

ಸಂತಾನಹರಣ ಆಪರೇಷನ್ನಿಗೆ ಗಂಡಸರಿಗೂ ಉತ್ತೇಜನ ಕೊಡಬೇಕು ಅನ್ನುವುದು ಅನುದಾನದ ಇನ್ನೊಂದು ಷರತ್ತು. ಚಾಮರಾಜಪೇಟೆಯ ಗಂಡಸರು ಕ್ರಿಕೆಟ್ಟಿನಿಂದ ಚುನಾವಣೆವರೆಗೆ ಎಲ್ಲದಕ್ಕೂ ಉತ್ತೇಜನ ಇಲ್ಲದೆಯೇ ಎದ್ದು ಬರುತ್ತಾರೆ, ಇದೊಂದಕ್ಕೆ ಬಿಟ್ಟು. ಕೊನೆಗೆ ಒಬ್ಬ ಆಟೋದವರು ಒಪ್ಪಿದರು. ಸರ್ಕಾರಿ ಆಸ್ಪತ್ರೆಯಲ್ಲಿ ನಮ್ಮ ಡಾಕ್ಟರಮ್ಮನ ಕೈಯಲ್ಲೇ ಹೊಲಿಗೆಯಿಲ್ಲದ ಆಪರೇಷನ್ ಆಯಿತು, ಅದೇ ದಿನ ಮನೆಗೂ ಬಂದರು.

ತಿಂಗಳು ಕಳೆದ ಮೇಲೆ ಅವರ ಹೆಂಡತಿ ಕಣ್ಣಲ್ಲಿ ನೀರು ತುಂಬಿಕೊಂಡು ಬಂದಳು. "ಮೇಡಂ, ನಮ್ಮೆಜಮಾನ್ರು ಇನ್ನೂ ಎಷ್ಟ್ ದಿನ ಮಲಗಿರ್ಬೇಕು?"

"ಇನ್ನೂ ಮಲಗಿದಾರಾ?"

"ಬಗ್ಗಬಾರ್ದು, ನೀರ್ ಹೊರಬಾರ್ದು, ಮನಸ್ಸಿಗೆ ಬೇಜಾರ್ ಮಾಡ್ಕೋಬಾರ್ದು ಅಂತ ಡಾಕ್ಟ್ರು ಹೇಳಿದಾರಂತೆ. ದಿನ ಬಿಟ್ ದಿನ ಹೋಳಿಗೆ ಮಾಡ್ಕೊಡ್ತಿದೀನಿ. ಆದ್ರೂ ಶಕ್ತಿ ಬರ್ತಾನೇ ಇಲ್ಲ."

ಒಳಗಿದ್ದ ಡಾಕ್ಟರಮ್ಮ ಪರದೆ ಸರಿಸಿ ತಲೆ ಹೊರಗೆ ಹಾಕಿದರು. "ಹೋಳಿಗೆನಾ? ಎರಡು ದಿನ ರೆಸ್ಟ್ ತಗೊಳ್ಳಿ, ಒಂದು ವಾರ ಭಾರ ಎತ್ತಬೇಡಿ ಅಂದೆ ಅಷ್ಟೆ."

ಆ ಹೆಂಗಸು ಕಣ್ಣು ಒರೆಸಿಕೊಂಡಳು. "ತುಪ್ಪ?"

"ತುಪ್ಪಾನೂ ಹೇಳಿಲ್ಲಮ್ಮ."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಮಧ್ಯಾಹ್ನಕ್ಕೆ ಆಟೋ ರಸ್ತೆಯಲ್ಲಿತ್ತು. ಆದರೆ ಅಷ್ಟು ಹೊತ್ತಿಗೆ ಸುದ್ದಿ ಆಟೋ ಸ್ಟ್ಯಾಂಡು ಮುಟ್ಟಿಯಾಗಿತ್ತು. ಆ ವಾರ ಗಂಡಸರು ಒಬ್ಬರ ಹಿಂದೆ ಒಬ್ಬರು ಬಂದರು, ಅದೂ ಮುಂದಿನ ಬಾಗಿಲಿನಿಂದ, ಬೋರ್ಡಿನ ಕೆಳಗೇ ಎದೆ ಉಬ್ಬಿಸಿಕೊಂಡು. ಎಲ್ಲರದ್ದೂ ಒಂದೇ ಪ್ರಶ್ನೆ: "ಮೇಡಂ, ಆ ಹೋಳಿಗೆ ವಿಷ್ಯ ಚೀಟೀಲಿ ಬರ್ದು ಕೊಡ್ತೀರಾ?"

೪. ಬೆನ್ನಿನ ಫೋಟೋ

ಕೇಂದ್ರಕ್ಕೆ ಜನ ಬರುತ್ತಾರೆ ಅನ್ನುವುದಕ್ಕೆ ಫೋಟೋ ಕಳಿಸಿ ಅಂತ ಕಚೇರಿಯಿಂದ ಪತ್ರ ಬಂತು. ಹಿಂದಿನ ಕೋಣೆಯಲ್ಲಿ ಹೇಳಿದೆ. ಎಲ್ಲರೂ ಸಂತೋಷವಾಗಿ ಎದ್ದರು, ತಲೆ ನೇವರಿಸಿಕೊಂಡರು, ಸಾಲಾಗಿ ನಿಂತರು, ನಾನು ಮೊಬೈಲು ಎತ್ತಿದ ಕೂಡಲೇ ಅಷ್ಟೂ ಜನ ಗೋಡೆ ಕಡೆ ತಿರುಗಿದರು.

ರವಿಕೆ ಹೊಲಿದವಳು ನಾನು. ಬೆನ್ನು ನೋಡಿದರೆ ಯಾರು ಅಂತ ಹೇಳುತ್ತೇನೆ. ಕಚೇರಿಯವರಿಗೆ ಆ ವಿದ್ಯೆ ಇಲ್ಲ. ಮುಖಗಳು ಕಾಣುತ್ತಿಲ್ಲ, ಅಧಿಕಾರಿಗಳೇ ಬಂದು ತಪಾಸಣೆ ಮಾಡುತ್ತಾರೆ, ಅವರ ವರದಿಯ ಮೇಲೆ ಅನುದಾನದ ತೀರ್ಮಾನ ಅಂತ ಉತ್ತರ ಬಂತು.

ಅದೇ ಹೊತ್ತಿಗೆ ಫೋಟೋದಲ್ಲಿದ್ದವಳೊಬ್ಬಳು ಫೋನ್ ಮಾಡಿದಳು. "ಮೇಡಂ, ಅದು ನನಗೂ ಒಂದು ಕಳ್ಸಿ. ನಾನು ಇಷ್ಟು ಚೆನ್ನಾಗಿ ಯಾವ ಫೋಟೋದಲ್ಲೂ ಬಂದಿಲ್ಲ."

೫. ಕೈಮುಗಿದ ಸಾಹೇಬರು

ತಪಾಸಣೆಗೆ ಬಂದವರು ನಿವೃತ್ತಿಗೆ ಹತ್ತಿರವಾಗಿದ್ದ, ಮೆಲು ದನಿಯ ಮನುಷ್ಯ. ಬೋರ್ಡಿನ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು.

"ಇದರಲ್ಲಿ ಮೂರು ಮಕ್ಕಳಿದಾವಲ್ರೀ?"

"ಅದು ಬಿಸಿಲಿಗೆ ಹುಟ್ಟಿದ್ದು ಸಾರ್."

ನಗಲಿಲ್ಲ. ಮುಂದಿನ ಕೋಣೆಯ ಖಾಲಿ ಕುರ್ಚಿಗಳನ್ನು ನೋಡಿ, "ಜನ ಎಲ್ಲಿ?" ಅಂದರು. ಹಿಂದೆ ಇದ್ದಾರೆ ಅಂದೆ. ಯಾಕೆ ಹಿಂದೆ ಅಂತ ವಿವರಿಸಿದೆ. ಬನ್ನಿ ಅಂತ ಕರೆದುಕೊಂಡು ಹೋಗಿ ಪರದೆ ಸರಿಸಿದೆ. ಸರಿಸುವ ಮುಂಚೆ ಒಂದು ಸಲ ಕೆಮ್ಮಬೇಕಾಗಿತ್ತು.

ಗಂಡಸಿನ ತಲೆ ಕಂಡದ್ದೇ ಶಂಕರಪುರಂ ಅತ್ತೆ ಕಣ್ಣು ಮುಚ್ಚಿ, ಗಟ್ಟಿ ದನಿಯಲ್ಲಿ ಒಂದು ದೇವರನಾಮ ಎತ್ತಿಕೊಂಡರು. ಉಳಿದವರು ಸೇರಿಕೊಂಡರು. ನಮ್ಮ ಬೀದಿಯಲ್ಲಿ ಹೂವು ಮಾರುವ, ಬುರ್ಖಾ ತೊಟ್ಟ ಹೂವಿನವಳು ತಾಳ ಹಾಕಿದಳು. ಜನರಿಗೆ ತೋರಿಸಲು ಕಾಪರ್ ಟಿಗಳನ್ನು ಜೋಡಿಸಿಟ್ಟಿದ್ದ ಟ್ರೇ ಮೇಲೆ ಸಿಸ್ಟರ್ ಅವಳ ಬುಟ್ಟಿಯ ಸೇವಂತಿಗೆ ಸುರಿದು, ಗಣಪತಿಯ ಕ್ಯಾಲೆಂಡರ್ ಕೆಳಗೆ ಇಟ್ಟಳು. ಸಾಹೇಬರು ಚಪ್ಪಲಿ ಬಿಟ್ಟು, ಟ್ರೇಗೆ ಕೈಮುಗಿದು ನಿಂತರು.

ಯಾರಿಗೂ ಪಲ್ಲವಿ ಬಿಟ್ಟು ಮುಂದೆ ಬರುತ್ತಿರಲಿಲ್ಲ. ನಿಲ್ಲಿಸುವ ಧೈರ್ಯವೂ ಇರಲಿಲ್ಲ. ಹಾಡು ಗಾಣದ ಹಾಗೆ ಸುತ್ತಿತು. ಕೊನೆಗೆ ಅತ್ತೆಗೆ ಕೆಮ್ಮು ಬಂದು ಮುಗಿಯಿತು.

ಸಾಹೇಬರು ನನ್ನ ಕಡೆ ತಿರುಗಿದರು. "ಅಲ್ಲಮ್ಮ, ಸರ್ಕಾರದ ಅನುದಾನದಲ್ಲಿ ಭಜನಾ ಮಂಡಳಿ ನಡೆಸ್ತಿದೀರಾ? ಇದನ್ನ ಬರೆದರೆ ನಿಮ್ಮ ಕೇಂದ್ರ ಉಳಿಯಲ್ಲ."

ಭಜನೆ ಹೌದು ಅಂದರೆ ಕೇಂದ್ರ ಹೋಗುತ್ತದೆ. ಅಲ್ಲ ಅಂದರೆ ನನ್ನನ್ನು ನಂಬಿ ಗಲ್ಲಿಯಲ್ಲಿ ಬಂದವರ ಗುಟ್ಟು ಹೋಗುತ್ತದೆ. "ಬರ್ಕೊಳ್ಳಿ ಸಾರ್" ಅಂದೆ. ತಮ್ಮನ ದರ್ಶಿನಿಯ ಸಾಂಬಾರಿನ ವಾಸನೆ ಆಗಲೇ ಮೂಗಿಗೆ ಬಡಿಯಿತು.

ಆಗ ಅತ್ತೆ ಎದ್ದು ನಿಂತರು. "ಬರೀಬೇಡಿ ಸ್ವಾಮಿ. ಭಜನೆ ಅಂತ ನಾವು ಮನೇಲಿ ಹೇಳಿ ಬಂದಿರೋದು. ನನ್ನ ಸೊಸೆ ಮಾತ್ರೆಗೆ ಬಂದಿದಾಳೆ, ನಾನು ಅವಳ ಜೊತೆಗೆ. ಈ ಹಾಡು ಕೇಳಿ ನಿಮಗೆ ನಾವು ಹಾಡೋರು ಅನ್ನಿಸ್ತಾ?"

"ಇಲ್ಲ" ಅಂದರು ಸಾಹೇಬರು, ಪ್ರಾಮಾಣಿಕವಾಗಿ.

"ನಾನು ಇಂಜೆಕ್ಷನ್‌ಗೆ" ಅಂದಳು ಇನ್ನೊಬ್ಬಳು. "ನಾನು ಕಾಪರ್ ಟಿ ತೆಗೆಸೋಕೆ." "ನಾನು ಹಾಕಿಸೋಕೆ." ಹೂವಿನವಳು ಕೈಯೆತ್ತಿ, "ನಾನೂ ಮಾತ್ರೆಗೇ ಸಾರ್. ತಾಳ ಫ್ರೀ" ಅಂದಳು.

"ಸಾಕು, ಸಾಕಮ್ಮ!" ಸಾಹೇಬರ ಕಿವಿ ಕೆಂಪಾಗಿತ್ತು. ಆಮೇಲೆ ನಿಧಾನವಾಗಿ, "ಹಾಗಾದ್ರೆ ನಾನು ಕೈಮುಗಿದಿದ್ದು ಯಾವುದಕ್ಕೆ?" ಅಂದರು.

ಸಿಸ್ಟರ್ ಸೇವಂತಿಗೆ ಸರಿಸಿದಳು. ಅವರು ಬಹಳ ಹೊತ್ತು ನೋಡಿದರು.

"ಇರಲಿ ಬಿಡಿ" ಅಂದರು. "ಬೇಡಿದ್ದನ್ನ ಕೊಡತ್ತೆ ತಾನೆ."

ಅನುದಾನ ಮುಂದುವರಿಯಿತು.

೬. ಮಲ್ಲೇಶ್ವರದ ಕಚೇರಿ

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಒಂದು ದಿನ ಆ ಸಾಹೇಬರ ಮನೆಯವರ ಫೋನ್ ಬಂತು.

"ನಮ್ಮೆಜಮಾನ್ರು ಆವತ್ತು ತಡವಾಗಿ ಬಂದ್ರು. ಎಲ್ಲಿ ಹೋಗಿದ್ರಿ ಅಂದ್ರೆ ಚಾಮರಾಜಪೇಟೇಲಿ ಭಜನೆಗೆ ಅಂದ್ರು! ಇಷ್ಟು ವರ್ಷದಲ್ಲಿ ಮೊದಲನೇ ಸಲ ಕಣ್ರೀ. ನಮ್ಮ ಸೊಸೆಗೆ ಸೀಮಂತ ಇದೆ, ನಿಮ್ಮ ಮಂಡಳಿಯವರೇ ಬಂದು ಹಾಡಬೇಕು."

ಹಿಂದಿನಿಂದ ಸಾಹೇಬರ ಕೆಮ್ಮು ಕೇಳಿಸಿತು. ಎಲ್ಲಿ ಹೋಗಿದ್ದೆ ಅಂತ ಹೆಂಡತಿಗೆ ಹೇಳಲು ಪಾಪ, ಅವರಿಗೂ ನಾಚಿಕೆ. ಹೇಗೆ ಇಲ್ಲ ಅನ್ನಲಿ? ಅನುದಾನ ಮುಂದಿನ ವರ್ಷಕ್ಕೂ ಬೇಕು.

ಹಿಂದಿನ ಕೋಣೆಯಲ್ಲಿ ಹಗಲೆಲ್ಲ ಅಭ್ಯಾಸ ಮಾಡಿದೆವು. ಪಲ್ಲವಿ ದಾಟಿ ಚರಣಕ್ಕೆ ಬಂದೆವು. ಮಲ್ಲೇಶ್ವರದ ಸಂಪಿಗೆ ರಸ್ತೆಯ ಹತ್ತಿರದ ಅವರ ಮನೆಗೆ ಹೋಗಿ ಒಂದೇ ಉಸಿರಿನಲ್ಲಿ ಹಾಡಿ ಮುಗಿಸಿದೆವು. ಹಸಿರು ಬಳೆ, ಮೊಗ್ಗಿನ ಜಡೆ, ಬಂದವರೆಲ್ಲ ಹುಡುಗಿಗೆ "ಮನೆ ತುಂಬ ಮಕ್ಕಳಾಗಲಿ" ಅಂತ ಹರಸುವವರೇ. ನಾವು ಮಾತ್ರ ನೆಲ ನೋಡುತ್ತಾ ಕೂತಿದ್ದೆವು.

ಆ ಹುಡುಗಿ ನಮಸ್ಕಾರ ಮಾಡಲು ನನ್ನ ಹತ್ತಿರ ಬಂದಳು. ಬಗ್ಗಬೇಡಮ್ಮ ಅಂತ ಹಿಡಿದುಕೊಂಡೆ. ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ಆಂಟಿ, ಚಾಮರಾಜಪೇಟೇಲಿ ಮೂರು ಮಕ್ಕಳ ಬೋರ್ಡು ಇದೆಯಲ್ಲ, ಅದರ ಕೆಳಗೆ ನಿಮ್ಮನ್ನ ನೋಡಿದೀನಿ. ಇದೊಂದು ಸುಖವಾಗಿ ಆಗ್ಲಿ, ಆಮೇಲೆ ಸ್ವಲ್ಪ ವರ್ಷ ನನಗೆ ಬೇಡ. ಅಲ್ಲಿಗೆ ಬರೋಕೆ ಹಿಂದಿನ ಬಾಗಿಲು ಏನಾದ್ರೂ ಇದೆಯಾ?"

"ಇದೆ ಕಣಮ್ಮ. ಧಾರಾಳವಾಗಿ ಬಾ."

"ಮನೇಲಿ ಏನಂತ ಹೇಳಿ ಬರ್ಲಿ?"

ಸಾಹೇಬರು ಬಾಗಿಲಲ್ಲಿ ಕೋಸಂಬರಿ ಪಾತ್ರೆ ಹಿಡಿದುಕೊಂಡು, ನನ್ನನ್ನು ನೋಡಿಯೂ ನೋಡದ ಹಾಗೆ ನಿಂತಿದ್ದರು.

"ನಿಮ್ಮ ಮಾವ ಏನು ಹೇಳಿದ್ರೋ, ಅದನ್ನೇ ಹೇಳು" ಅಂದೆ.