ಹೋಳಿಗೆ ಮನೆಯ ಮ್ಯಾನೇಜ್‌ಮೆಂಟು

ಕಾಲೇಜಿನಲ್ಲಿ ನಾನು ಮಾಡುವ ಪಾಠ ಕಾಲೇಜಿನಲ್ಲೇ ಉಳಿಯುವುದಿಲ್ಲ. ಸಂಜೆ ನನ್ನ ಜೊತೆಗೇ ಮನೆಗೆ ಬರುತ್ತದೆ, ಬಂದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ.

ಚಾಮರಾಜಪೇಟೆಯ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಬಿ.ಕಾಂ. ಮಕ್ಕಳಿಗೆ ಮ್ಯಾನೇಜ್‌ಮೆಂಟ್ ತತ್ವಗಳನ್ನು ಹೇಳಿಕೊಡುತ್ತಿದ್ದೇನೆ. ಹೇಳಿಕೊಡುವುದಷ್ಟೇ, ಯಾವುದನ್ನೂ ಮ್ಯಾನೇಜ್ ಮಾಡಿದವಳಲ್ಲ. ಮ್ಯಾನೇಜ್ ಮಾಡುವವರು ನಮ್ಮ ಅತ್ತೆ. ಬಳೇಪೇಟೆಯ ವ್ಯಾಪಾರಸ್ಥರ ಮನೆಯ ಮಗಳು. ಬಸವನಗುಡಿಯ ನಮ್ಮ ಮನೆಯ ಹಿಂಭಾಗದಲ್ಲಿ ಐದು ಜನ ಹೆಂಗಸರನ್ನು ಇಟ್ಟುಕೊಂಡು ಹೋಳಿಗೆ ಮಾಡಿಸುತ್ತಾರೆ. ಒಬ್ಬರು ಕಣಕ ನಾದುತ್ತಾರೆ, ಒಬ್ಬರು ಹೂರಣ ರುಬ್ಬುತ್ತಾರೆ, ಇಬ್ಬರು ತಟ್ಟುತ್ತಾರೆ, ಒಬ್ಬರು ಕಾವಲಿಯ ಮೇಲೆ ಬೇಯಿಸುತ್ತಾರೆ. ಐದೂ ಜನರ ಮಧ್ಯೆ ಅತ್ತೆ ನಿಂತಿರುತ್ತಾರೆ.

ಈ ನಿಲ್ಲುವುದೇ ಕಷ್ಟವಾಯಿತು. ಎಪ್ಪತ್ತೈದರ ಮಂಡಿ ಮಾತು ಕೇಳದಾಯಿತು. ಒಂದು ದಿನ ಬಳೇಪೇಟೆಗೆ ಹೋದವರು ಅಂಗೈ ಅಗಲದ ಹಿತ್ತಾಳೆ ಬೀಗ ತಂದು ಹೋಳಿಗೆ ಮನೆಯ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದರು. ಯುಗಾದಿ ಆರ್ಡರ್ ಮುಗಿದ ಮೇಲೆ ಇದನ್ನು ಬಾಗಿಲಿಗೆ ಹಾಕುತ್ತೇನೆ, ನಾನು ನಿಲ್ಲದ ಕಡೆ ಹೋಳಿಗೆ ಆಗುವುದಿಲ್ಲ ಎಂದರು. ಐದು ಜನರ ಮುಖವೂ ಸಪ್ಪಗಾಯಿತು. ಮೂರು ತಿಂಗಳು ನನಗೆ ಬಿಡಿ, ನೀವು ನಿಲ್ಲದೆ ನಡೆಯುವ ಹಾಗೆ ಮಾಡಿ ತೋರಿಸುತ್ತೇನೆ ಎಂದು ಬಾಯಿಬಿಟ್ಟೆ.

"ಬುಕ್ಕಲ್ಲಿ ಹೋಳಿಗೆ ಬೇಯತ್ತಾ?" ಎಂದರು ಅತ್ತೆ.

೧. ಸ್ಟಾಪ್‌ವಾಚು

ನೂರಕ್ಕೂ ಹೆಚ್ಚು ವರ್ಷದ ಹಿಂದೆ ಅಮೆರಿಕದ ಒಬ್ಬ ಮಹಾನುಭಾವ ಉಕ್ಕಿನ ಕಾರ್ಖಾನೆಯಲ್ಲಿ ಗಡಿಯಾರ ಹಿಡಿದು ನಿಂತು, ಕೂಲಿಯವರು ಸಲಿಕೆ ಎತ್ತುವುದಕ್ಕೆ ಎಷ್ಟು ಸೆಕೆಂಡು, ಇಳಿಸುವುದಕ್ಕೆ ಎಷ್ಟು ಸೆಕೆಂಡು ಎಂದು ಬರೆದುಕೊಂಡ. ವ್ಯರ್ಥವಾದ ಅಲ್ಲಾಟವನ್ನೆಲ್ಲ ತೆಗೆದುಹಾಕಿದ. ವೈಜ್ಞಾನಿಕ ನಿರ್ವಹಣೆ ಶುರುವಾದದ್ದು ಅಲ್ಲಿಂದ. ನಾನೂ ಅಲ್ಲಿಂದಲೇ ಶುರು ಮಾಡೋಣ ಎಂದುಕೊಂಡು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ, ತಟ್ಟುವ ಇಬ್ಬರಲ್ಲಿ ಹಿರಿಯಾಕೆಯ ಎದುರಿಗೆ ಹಿಡಿದು ನಿಂತೆ.

ಆಕೆ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಮೊಬೈಲನ್ನು. ಸೆರಗು ಸರಿ ಮಾಡಿಕೊಂಡು ತಟ್ಟಿದರು. ಒಂದಕ್ಕೆ ಮೂವತ್ತೆಂಟು ಸೆಕೆಂಡು. ಅದರಲ್ಲಿ ಹತ್ತು ಸೆಕೆಂಡು ಹಿಂದೆ ತಿರುಗಿ ಎಣ್ಣೆ ಬಟ್ಟಲಿಗೆ ಕೈ ಹಾಕುವುದಕ್ಕೇ ಹೋಗುತ್ತಿತ್ತು. ಎಷ್ಟೋ ವರ್ಷದಿಂದ ಆ ಬಟ್ಟಲು ಬೆನ್ನ ಹಿಂದೆ ಇತ್ತು, ಯಾರಿಗೂ ತೋಚಿರಲಿಲ್ಲ. ಬಟ್ಟಲನ್ನು ಎತ್ತಿ ಮುಂದಿಟ್ಟೆ. ನಾಳೆ ಮತ್ತೆ ಬರುತ್ತೇನೆ ಎಂದೆ.

ಮರುದಿನ ಹೋದರೆ ಐದೂ ಜನ ರೇಷ್ಮೆ ಸೀರೆಯಲ್ಲಿ ಇದ್ದಾರೆ. ಮುಡಿ ತುಂಬಾ ಮಲ್ಲಿಗೆ. ಯಾರ ಮನೆಯಲ್ಲಿ ಏನು ವಿಶೇಷ ಎಂದು ಕೇಳಿದೆ, ಎಲ್ಲರೂ ನಕ್ಕರು. ಸ್ಟಾಪ್‌ವಾಚ್ ಒತ್ತಿದೆ. ಇಪ್ಪತ್ತೆಂಟೇ ಸೆಕೆಂಡು! ಹೆಮ್ಮೆಯಿಂದ ಮೊಬೈಲ್ ತಿರುಗಿಸಿ ತೋರಿಸಿದೆ. ನಿನ್ನೆ ಮೂವತ್ತೆಂಟು ಇತ್ತು, ಇವತ್ತು ನೋಡಿ ಇಪ್ಪತ್ತೆಂಟು ಎಂದೆ.

ಆಕೆಯ ಮುಖ ಬಾಡಿತು.

"ರೇಷ್ಮೆ ಸೀರೆ ಉಟ್ಕೊಂಡ್ರೂ ವಿಡಿಯೋಗೆ ಲೈಕು ಕಮ್ಮಿ ಆಯ್ತಾ ಅಕ್ಕಾ?"

೨. ಕುದುರೆ ಕಾಲು

ನನ್ನ ಸಿಲಬಸ್ಸಿನ ನಿಜವಾದ ನಾಯಕ ಫ್ರಾನ್ಸಿನವನು. ಗಣಿ ಎಂಜಿನಿಯರು. ಕಂಪನಿ ನಡೆಸಿ, ಎಪ್ಪತ್ತು ದಾಟಿದ ಮೇಲೆ ಹದಿನಾಲ್ಕು ತತ್ವಗಳ ಪುಸ್ತಕ ಬರೆದ. ಅವನು ಚಿಕ್ಕ ವಯಸ್ಸಿನಲ್ಲಿ ಗಣಿಯಲ್ಲಿದ್ದಾಗ ಒಂದು ದಿನ ಕೆಲಸದ ಕುದುರೆ ಕಾಲು ಮುರಿದುಕೊಂಡಿತಂತೆ. ಬೇರೆ ಕುದುರೆ ಕೊಡು ಎಂದರೆ ಲಾಯದವನು ದೊಡ್ಡ ಸಾಹೇಬರ ಅಪ್ಪಣೆ ಬೇಕು ಎಂದ. ದೊಡ್ಡ ಸಾಹೇಬರು ಊರಲ್ಲಿಲ್ಲ. ಕುದುರೆಗಳು ಲಾಯದಲ್ಲಿ ಹುಲ್ಲು ತಿನ್ನುತ್ತಾ ನಿಂತಿದ್ದವು, ಗಣಿ ಕೆಲಸವೂ ನಿಂತಿತು. ಯಜಮಾನ ಇಲ್ಲದಾಗ ಅವನ ಅಧಿಕಾರ ಯಾರ ಕೈಯಲ್ಲಾದರೂ ಇರಲೇಬೇಕು ಎಂದು ಅವನು ಕಲಿತದ್ದು ಅವತ್ತೇ.

ಇದನ್ನು ವರ್ಷಾವರ್ಷ ಪಾಠ ಮಾಡುತ್ತಾ ಬಂದವಳಿಗೆ ಆ ಕುದುರೆ ನಮ್ಮ ಹಿತ್ತಲಲ್ಲೇ ಬೀಳುತ್ತದೆ ಎಂದು ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಮಂಡಿ ತೋರಿಸಲು ತ್ಯಾಗರಾಜನಗರದ ಡಾಕ್ಟರ ಹತ್ತಿರ ಹೋಗಿದ್ದರು. ಒಳಗೆ ಹೋಗಿ ನೋಡಿದರೆ ಐದೂ ಜನ ಕೈ ಕಟ್ಟಿಕೊಂಡು ಕೂತಿದ್ದಾರೆ. ಒಡೆದಿಟ್ಟ ಬೆಲ್ಲ ಮುಗಿದಿದೆ. ಹೊಸ ಮೂಟೆ ಎದುರಿಗೇ ಇದೆ. ಬಿಚ್ಚಿ ಎಂದರೆ, ಅಮ್ಮ ಹೇಳದೆ ಬಿಚ್ಚುವುದಿಲ್ಲ ಎಂದರು. ಅಮ್ಮನಿಗೆ ಫೋನ್ ಮಾಡಿ ಎಂದರೆ, ಅವರ ಫೋನು ಇಲ್ಲೇ ಉಪ್ಪಿನ ಡಬ್ಬದ ಮೇಲಿದೆ ಎಂದರು.

ನನಗೆ ಖುಷಿ ತಡೆಯಲಾಗಲಿಲ್ಲ. ಅಲ್ಲೇ ಮಣೆ ಹಾಕಿಕೊಂಡು ಕೂತು ಕುದುರೆಯ ಕಥೆಯನ್ನೆಲ್ಲ ಹೇಳಿದೆ. ನನ್ನ ಕಾಲೇಜಿನ ಮಕ್ಕಳು ಅಷ್ಟು ಗಮನ ಕೊಟ್ಟು ಕೇಳಿದ್ದು ನಾನು ನೋಡಿಲ್ಲ. ಕೊನೆಗೆ, ಅತ್ತೆ ಇಲ್ಲದಾಗ ಹೂರಣದ ವಿಷಯಕ್ಕೆಲ್ಲ ಹೂರಣ ರುಬ್ಬುವವರೇ ಯಜಮಾನರು ಎಂದು ಘೋಷಿಸಿದೆ. ಆಕೆ ಎದ್ದು ಮೂಟೆ ಬಿಚ್ಚಿದರು. ಅವತ್ತಿನ ಆರ್ಡರ್ ಒಂದೂ ತಪ್ಪಲಿಲ್ಲ.

ಅತ್ತೆ ವಾಪಸ್ ಬಂದವರೇ ಬಿಚ್ಚಿದ ಮೂಟೆ ನೋಡಿ, ಯಾರನ್ನು ಕೇಳಿ ಬಿಚ್ಚಿದಿರಿ ಎಂದು ಗದರಿದರು. ಹೂರಣದಾಕೆ ತಲೆ ಎತ್ತದೆ ರುಬ್ಬುತ್ತಲೇ ಹೇಳಿದರು.

"ಕುದುರೆ ಕಾಲು ಮುರೀತಮ್ಮಾ."

ಅವತ್ತಿನಿಂದ ಯಾರು ಸ್ವಂತ ಬುದ್ಧಿಯಿಂದ ಏನು ಮಾಡಿದರೂ ನಮ್ಮ ಹೋಳಿಗೆ ಮನೆಯಲ್ಲಿ ಅದೇ ಮಾತು. ಪಕ್ಕದ ಮನೆಯವರು ಕಾಂಪೌಂಡಿನಿಂದ ಇಣುಕಿ, ಪಾಪ ಆ ಪ್ರಾಣಿಗೆ ಈಗ ಹೇಗಿದೆ ಎಂದು ಎರಡು ಸಲ ವಿಚಾರಿಸಿದ್ದಾರೆ.

೩. ಒಬ್ಬರೇ ಯಜಮಾನರು

ಫ್ರೆಂಚ್ ಮಹಾಶಯನ ತತ್ವಗಳಲ್ಲಿ ನನಗೆ ಪ್ರಾಣ ಎಂದರೆ ಆಜ್ಞೆಯ ಏಕತೆ. ಒಬ್ಬ ಕೆಲಸಗಾರನಿಗೆ ಒಬ್ಬನೇ ಯಜಮಾನ ಇರಬೇಕು. ಇಬ್ಬರು ಎರಡು ಹೇಳಿದರೆ ಕೆಲಸ ಕೆಡುತ್ತದೆ. ನಮ್ಮಲ್ಲಂತೂ ಅತ್ತೆ ಒಂದು ಹೇಳುತ್ತಿದ್ದರು, ನಾನು ಒಂದು ಹೇಳುತ್ತಿದ್ದೆ, ನಡುವೆ ನೀರು ಕುಡಿಯಲು ಬಂದ ನನ್ನ ಗಂಡ ಮೂರನೆಯದು ಹೇಳಿ ಹೋಗುತ್ತಿದ್ದರು. ಒಂದು ಬಿಳಿ ಹಲಗೆ ತಂದು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಹಾಕಿದೆ: 'ಪ್ರತಿಯೊಬ್ಬರೂ ತಮ್ಮ ಒಬ್ಬ ಯಜಮಾನರ ಮಾತನ್ನು ಮಾತ್ರ ಕೇಳತಕ್ಕದ್ದು.' ಐದೂ ಜನ ಗಟ್ಟಿಯಾಗಿ ಓದಿದರು. ತುಂಬಾ ಒಳ್ಳೆಯ ಮಾತು ಎಂದರು. ನಾನು ಗೆದ್ದೆ ಎಂದುಕೊಂಡು ಕಾಲೇಜಿಗೆ ಹೋದೆ.

ಮರುದಿನ ಐವರಲ್ಲಿ ಮೂವರು ಇಲ್ಲ. ಫೋನ್ ಮಾಡಿದೆ. ಒಬ್ಬರ ಯಜಮಾನರು ಇವತ್ತು ಅವರ ಅಕ್ಕನ ಮನೆಗೆ ಹೋಗೋಣ ಎಂದರಂತೆ. ಇನ್ನೊಬ್ಬರ ಯಜಮಾನರಿಗೆ ನೆಗಡಿ, ಮೆಣಸಿನ ಸಾರು ಮಾಡಿಕೊಟ್ಟು ಮನೆಯಲ್ಲೇ ಇರು ಎಂದರಂತೆ. ಮೂರನೆಯವರು ಕಣಕ ನಾದುವಾಕೆ. ಅವರ ಯಜಮಾನರು ಕಾರಣವನ್ನೇ ಹೇಳಲಿಲ್ಲವಂತೆ. ಬೋರ್ಡಿನಲ್ಲೇ ಬರೆದಿದ್ದಾರಲ್ಲ, ನಾನು ಹೇಳಿದ್ದು ಕೇಳು ಎಂದರಂತೆ.

ತಲೆ ಚಚ್ಚಿಕೊಂಡೆ. ನಮ್ಮ ಭಾಷೆಯಲ್ಲಿ ಹೆಂಡತಿ ಗಂಡನನ್ನು ಕರೆಯುವುದೇ ಯಜಮಾನರು ಎಂದು. ನಾನೂ ಇಪ್ಪತ್ತು ವರ್ಷದಿಂದ ಹಾಗೇ ಕರೆಯುತ್ತಿದ್ದೇನೆ, ಆದರೂ ಬರೆಯುವಾಗ ಹೊಳೆಯಲಿಲ್ಲ. ಹಲಗೆ ಒರೆಸಿ ಬೇರೆ ಬರೆದೆ: 'ಈ ಕೋಣೆಯೊಳಗೆ ಒಂದು ಸಲಕ್ಕೆ ಒಬ್ಬರ ಅಪ್ಪಣೆ ಮಾತ್ರ. ಇಬ್ಬರು ಎರಡು ಹೇಳಿದರೆ ಇಬ್ಬರ ಮಾತೂ ಕೇಳಬೇಕಾಗಿಲ್ಲ.' ಮೂವರೂ ಕೆಲಸಕ್ಕೆ ಬಂದರು. ಬಂದವರಲ್ಲಿ ಕಣಕದಾಕೆ ಗೋಡೆಯ ಮೇಲೆ ಏನೋ ಹುಡುಕುವವರ ಹಾಗೆ ಅತ್ತಿತ್ತ ನೋಡಿದರು.

"ಹಳೇದನ್ನ ಅಳಿಸ್ಬಿಟ್ರಾ ಅಕ್ಕಾ? ನಮ್ ಯಜಮಾನ್ರು ಫೋಟೋ ತಗೊಂಡ್ಬಾ ಅಂದಿದ್ರು, ಫ್ರೇಮ್ ಹಾಕ್ಸಕ್ಕೆ."

೪. ಎಂಟುನೂರು ಹೋಳಿಗೆ

ಮೂರು ತಿಂಗಳು ಮುಗಿಯುವ ಹೊತ್ತಿಗೆ ಕಾಟನ್‌ಪೇಟೆಯ ಒಬ್ಬ ವ್ಯಾಪಾರಿ ಮಗಳ ಮದುವೆಗೆಂದು ಬಂದರು. ಮಲ್ಲೇಶ್ವರದ ಛತ್ರದಲ್ಲಿ ಮಧ್ಯಾಹ್ನದ ಊಟ. ಎಂಟುನೂರು ಹೋಳಿಗೆ, ಅವತ್ತೇ ಬೇಯಿಸಿದ್ದು, ಬೆಳಿಗ್ಗೆ ಹನ್ನೊಂದಕ್ಕೆ ಗಾಡಿಗೆ ಏರಬೇಕು. ನಮ್ಮಲ್ಲಿ ಅದುವರೆಗೆ ಒಂದು ದಿನಕ್ಕೆ ಮುನ್ನೂರು ದಾಟಿದ್ದಿಲ್ಲ.

ಅತ್ತೆ ಒಪ್ಪಿಕೊಂಡರು. ಒಪ್ಪಿಕೊಂಡು ನನ್ನ ಕಡೆ ತಿರುಗಿದರು.

"ನಾನು ಕಾವಲಿ ಮುಟ್ಟಲ್ಲ. ಎಂಟುನೂರೂ ಸರಿಯಾಗಿ ಹೋದ್ರೆ ಬೀಗ ಮೊಳೆ ಮೇಲೇ ಇರತ್ತೆ. ಒಂದು ಕಮ್ಮಿ ಆದ್ರೂ ಬಾಗ್ಲಿಗೆ ಬೀಳತ್ತೆ."

ಆ ದಿನ ನಾನು ಕಾಲೇಜಿಗೆ ರಜೆ ಹಾಕಿದೆ. ಬೆಳಿಗ್ಗೆ ಆರಕ್ಕೆ ಕೆಲಸ ಶುರುವಾಯಿತು. ಏಳರವರೆಗೆ ನೋಡುವುದಕ್ಕೇ ಚೆಂದ, ನೂರೈವತ್ತು ದಾಟಿತು. ಅಷ್ಟು ಹೊತ್ತು ಕೈ ಹಿಸುಕಿಕೊಂಡು ಕೂತಿದ್ದ ಅತ್ತೆ ತಡೆಯಲಾರದೆ ಬಾಗಿಲಿಗೆ ಬಂದು ನಿಂತರು. ಉರಿ ಸಣ್ಣ ಮಾಡು, ಸೀಯುತ್ತದೆ ಎಂದರು. ಹಿಂದಿನಿಂದ ನಾನು, ಬೇಡ, ದೊಡ್ಡದೇ ಇರಲಿ, ಹೊತ್ತಾಗುತ್ತದೆ ಎಂದೆ. ಅತ್ತೆ ಸಣ್ಣ ಎಂದರು, ನಾನು ದೊಡ್ಡ ಎಂದೆ. ಕಾವಲಿಯಾಕೆ ಸಣ್ಣ ಮಾಡಿ, ದೊಡ್ಡ ಮಾಡಿ, ಮತ್ತೆ ಸಣ್ಣ ಮಾಡುವಷ್ಟರಲ್ಲಿ ಕಾವಲಿಯ ಮೇಲಿದ್ದ ಆರೂ ಹೋಳಿಗೆ ಕಪ್ಪಾದವು.

ಈ ಕಾವಲಿಯಾಕೆ ದಿನಕ್ಕೆ ಹತ್ತು ಮಾತೂ ಆಡದವರು. ಒಲೆ ಆರಿಸಿದರು. ಕೈ ತೊಳೆದರು. ಗೋಡೆಯ ಬೋರ್ಡನ್ನು ಒಂದೊಂದೇ ಅಕ್ಷರ ಒತ್ತಿ ಓದಿದರು: ಇಬ್ಬರು ಎರಡು ಹೇಳಿದರೆ ಇಬ್ಬರ ಮಾತೂ ಕೇಳಬೇಕಾಗಿಲ್ಲ. ಆಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿ ತಂದು ಹೊರಗೆ ಜಗಲಿಯ ಮೇಲೆ ಹಾಕಿ, ನಮ್ಮಿಬ್ಬರನ್ನೂ ಮೆಲ್ಲಗೆ ಭುಜ ಹಿಡಿದು ಕೂರಿಸಿ, ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಕಿಟಕಿಯಿಂದ ದನಿ ಬಂತು.

"ಇಬ್ರೂ ಮಾತಾಡ್ಕೊಂಡು ಒಬ್ರಾಗಿ ಬನ್ನಿ. ಆಮೇಲೆ ತೆಗೀತೀವಿ."

ಮೂರೂವರೆ ಗಂಟೆ ಕೂತೆವು. ಹೋಳಿಗೆ ಮನೆ ಕಟ್ಟಿದವರು ಅತ್ತೆ, ತಿದ್ದಿದವಳು ನಾನು, ಇಬ್ಬರೂ ಬಾಗಿಲ ಹೊರಗೆ. ಅತ್ತೆ ಮೂಗಿನಲ್ಲೇ ಮೇಲ್ವಿಚಾರಣೆ ಮಾಡುತ್ತಿದ್ದರು: ಈಗ ಏಲಕ್ಕಿ ಬಿತ್ತು, ಈಗ ತುಪ್ಪ ಬಿತ್ತು. ಒಂಬತ್ತಕ್ಕೆ ಒಳಗಿನಿಂದ ಯಾರೋ "ಕುದುರೆ ಕಾಲು ಮುರೀತು!" ಎಂದು ಕೂಗಿದರು. ಅದರ ಹಿಂದೆಯೇ ನಗು. ಅತ್ತೆ ನನ್ನ ಕೈ ಹಿಡಿದುಕೊಂಡರು. ಬಾಗಿಲು ಬಡಿಯಲೇ ಎಂದು ಕೇಳಿದೆ. ಬೇಡ ಎಂದರು. ಆಮೇಲೆ ಬಾಗಿಲನ್ನೇ ನೋಡುತ್ತಾ ಹೇಳಿದರು.

"ಮಂಡಿ ಒಂದೇ ಅಲ್ಲ ಕಣೇ. ನಾನಿಲ್ದೆ ಹೋದ್ರೆ ಹಾಳಾಗತ್ತೆ ಅಂತ ಭಯ. ನಾನಿಲ್ದೆ ಚೆನ್ನಾಗಾದ್ರೆ ಇನ್ನೂ ಭಯ."

ನನಗೆ ಅಳು ಬಂತು. ನಾನೂ ಅವರ ಕೈ ಬಿಡಲಿಲ್ಲ.

ಹತ್ತೂವರೆಗೆ ಗಾಡಿ ಬಂತು. ವ್ಯಾಪಾರಿ ತಾವೇ ಇಳಿದು ಬಂದರು. ಮುಚ್ಚಿದ ಬಾಗಿಲು ನೋಡಿ ಅವರ ಮುಖದ ಬಣ್ಣ ಹೋಯಿತು. ಬಾಗಿಲು ಬಡಿದು, ಯಜಮಾನರು ಎಲ್ಲಿ ಎಂದು ಗಟ್ಟಿಯಾಗಿ ಕೇಳಿದರು.

ಒಳಗಿನಿಂದ ಐದೂ ಜನ ಒಟ್ಟಿಗೆ ಕೂಗಿದರು: "ಮನೇಲಿದಾರೆ!"

ವ್ಯಾಪಾರಿ ಗಲಿಬಿಲಿಯಾಗಿ ನಮ್ಮ ಕಡೆ ತಿರುಗಿದರು. ಹಾಗಾದರೆ ಇಲ್ಲಿ ಕೂತಿರುವ ನೀವಿಬ್ಬರು ಯಾರು ಎಂದು ಕೇಳಿದರು.

ಅತ್ತೆ ಸೆರಗು ಹೊದ್ದುಕೊಂಡು, ಬೆನ್ನು ನೆಟ್ಟಗೆ ಮಾಡಿ ಹೇಳಿದರು.

"ನಾವು ಮ್ಯಾನೇಜ್‌ಮೆಂಟು."

ಆಗ ಒಳಗಿನಿಂದ ಚಿಲಕ ತೆಗೆದರು. ಎಂಟುನೂರಲ್ಲ, ಎಂಟುನೂರಾ ಹನ್ನೆರಡು ಇತ್ತು. ಒಂಬತ್ತು ಗಂಟೆಗೆ ಹೂರಣ ಸಡಿಲವಾಗಿತ್ತಂತೆ; ಹೂರಣದಾಕೆ ಯಾರನ್ನೂ ಕೇಳದೆ ಮತ್ತೆ ಒಲೆಗೆ ಏರಿಸಿ ಗಟ್ಟಿ ಮಾಡಿದ್ದರು. ಗಾಡಿ ಹೊರಟ ಮೇಲೆ ಅತ್ತೆ ಉಳಿದ ಹನ್ನೆರಡರಲ್ಲಿ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡರು. ಐದೂ ಜನ ಅವರ ಬಾಯನ್ನೇ ನೋಡುತ್ತಾ ನಿಂತಿದ್ದರು. ಅತ್ತೆ ಪೂರ್ತಿ ತಿಂದರು. ಇನ್ನೊಂದು ತೆಗೆದುಕೊಂಡರು. ಅಷ್ಟೇ ಸಾಕಾಯಿತು, ಕಣಕದಾಕೆ ಕುಣಿದೇ ಬಿಟ್ಟರು. ಅಷ್ಟು ದೊಡ್ಡ ಗೆಲುವನ್ನು ನಾನು ಯಾವ ಪರೀಕ್ಷೆಯ ರಿಸಲ್ಟಿನಲ್ಲೂ ಕಂಡಿಲ್ಲ.

ಸಂಜೆ ಅತ್ತೆ ಮೊಳೆಯಿಂದ ಬೀಗ ತೆಗೆದರು. ಮಾತು ಕೊಟ್ಟಿದ್ದಿರಲ್ಲ ಎಂದೆ. ಅತ್ತೆ ಕೇಳಿಸಿಕೊಳ್ಳದೆ ಬೀಗ ಹಿಡಿದು, ಕುಂಟುತ್ತಾ ನನ್ನ ಕೋಣೆಗೆ ನಡೆದರು. ನನ್ನ ಪುಸ್ತಕದ ಬೀರುವಿನ ಬಾಗಿಲು ಮುಚ್ಚಿ, ಬೀಗ ಹಾಕಿ, ಎರಡು ಸಲ ಎಳೆದು ನೋಡಿದರು.

"ಹೊಸ ಬೀಗ, ಸುಮ್ನೆ ವೇಸ್ಟ್ ಆಗ್ಬಾರ್ದು."

ಹೋಳಿಗೆ ಮನೆ ನಡೆಯುತ್ತಿದೆ. ಜಗಲಿಯ ಮೇಲೆ ಆ ಎರಡು ಕುರ್ಚಿಗಳೂ ಇವೆ. ಬೀಗದ ಕೈ ಅತ್ತೆಯ ಸೆರಗಿನ ಗಂಟಿನಲ್ಲಿದೆ. ಕ್ಲಾಸಿಗೆ ಪುಸ್ತಕ ಬೇಕಾದ ದಿನ ಅವರ ಅಪ್ಪಣೆ ಕೇಳುತ್ತೇನೆ. ಕೊಡುತ್ತಾರೆ. ಅವರು ಮನೆಯಲ್ಲಿಲ್ಲದ ದಿನ ಹೋಗಿ ಹೂರಣದಾಕೆಯನ್ನು ಕೇಳಬೇಕು. ಬೀಗದ ಎರಡನೇ ಕೈ ಅವರ ಹತ್ತಿರ ಇದೆ.